ಮಳೆಯ ನಾಡಿನಲ್ಲಿ ಮಾಡು ಮಡಚುವ ಮೋಟಾರು

ಆಗುಂಬೆ ಘಟ್ಟದ ಬುಡದಲ್ಲಿರುವ ಹೆಬ್ರಿಯಲ್ಲಿ ನಿಂತು, ಮಾಡು ಮಡಚುವ ಮೋಟಾರುಗಾಡಿಯ ಸೊಗಸನ್ನು ವರ್ಣಿಸಹೊರಟರೆ ಕೇಳಿದವರು ನಗದಿರಲಾರರು. ಘಟ್ಟದ ಮೇಲಣ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವುದು. ಅದರ ಪಾಲು ಕೆಳಗಿನ ಸೋಮೇಶ್ವರಕ್ಕೂ ಹೆಬ್ರಿಗೂ ಧಾರಾಳವಾಗಿ ಉಂಟು. ಆಷಾಢದಲ್ಲಿ ಕೊಡೆಯಿಲ್ಲದೆ ಹೊಸ್ತಿಲು ದಾಟದ ನಮ್ಮವರಿಗೆ, ತಲೆಯ ಮೇಲೆ ಬರಿಯ ಬಟ್ಟೆಯುಳ್ಳ ಗಾಡಿ ಏತಕ್ಕೆ? ಆದರೂ ಹಳೆಯ ಕಾಲದ ಅಂಥ ಗಾಡಿಯೊಂದು ಪೇಟೆಯಲ್ಲಿ ನಿಂತಿತೆಂದರೆ, ನಕ್ಕವರೇ ಮೊದಲು ಓಡಿಬಂದು ಸುತ್ತ ನೆರೆಯುವರು. ಈ ಮೋಹದ ಮೂಲವೇನೆಂದು ವಿಚಾರಿಸುವುದು ಅಪ್ರಸ್ತುತವಾಗಲಾರದೆಂದು ನಂಬಿದ್ದೇವೆ.

ಮೊದಲು ತಿಳಿಯತಕ್ಕ ಸಂಗತಿಯೆಂದರೆ, ತೆರೆದ ಮೋಟಾರು ಹುಟ್ಟಿದ್ದು ವಿಲಾಸಕ್ಕಾಗಿ ಅಲ್ಲ, ಮಿತವ್ಯಯಕ್ಕಾಗಿ. 1919ರಲ್ಲಿ ಅಮೆರಿಕದಲ್ಲಿ ತಯಾರಾದ ಮೋಟಾರುಗಳಲ್ಲಿ ಸುಮಾರು ಹತ್ತಕ್ಕೆ ಒಂಬತ್ತು ತೆರೆದವೇ ಆಗಿದ್ದವು. ಮುಚ್ಚಿದ ಗಾಡಿಗೆ ಮರಗೆಲಸ, ಗಾಜು, ತೂಕ ಎಲ್ಲವೂ ಹೆಚ್ಚು. ಆದಕಾರಣ ಬೆಲೆಯೂ ಹೆಚ್ಚು. ಸಾಮಾನ್ಯರ ಗಾಡಿಗೆ ಕಮಾನುಗಳ ಮೇಲೆ ಹೊದಿಸಿದ ಕ್ಯಾನ್ವಾಸು ಬಟ್ಟೆಯೇ ಮಾಡು. ಪಕ್ಕಗಳಿಗೆ ಸೆಲ್ಯುಲಾಯ್ಡ್ ಹಾಳೆಯ ಕಿಟಕಿಯುಳ್ಳ ಪರದೆಗಳು. ಮಳೆ ಬಂದಾಗ ಇಳಿದು ಒಂದೊಂದಾಗಿ ಗುಂಡಿ ಸಿಕ್ಕಿಸಬೇಕು. ಸಿಕ್ಕಿಸಿ ಮುಗಿಯುವಷ್ಟರಲ್ಲಿ ಒಳಗಿದ್ದವರು ನೆನೆದು ಮುಗಿದಿರುವರು. ಗದ್ದೆಯ ಹೆಂಗಸರ ಗೊರಬು ಇದಕ್ಕಿಂತ ಬುದ್ಧಿವಂತರ ಕೃತಿಯೆಂದು ನಮಗೆ ತೋರುತ್ತದೆ.

ಕಾಲ ಬದಲಾಯಿತು. ಹಡ್ಸನ್ ಕಂಪೆನಿಯವರು 1922ರ ಮಾದರಿಯಾಗಿ ಎಸೆಕ್ಸ್ ಎಂಬ ಅಗ್ಗದ ಮುಚ್ಚಿದ ಗಾಡಿಯನ್ನು ಹೊರಡಿಸಿದರು. 1925ರ ಹೊತ್ತಿಗೆ ಅದರ ಬೆಲೆ ಅವರದೇ ತೆರೆದ ಗಾಡಿಗಿಂತಲೂ ಕೆಳಗಿಳಿಯಿತು. ಆ ದಶಕ ಮುಗಿಯುವುದರೊಳಗೆ ಲೆಕ್ಕ ಬುಡಮೇಲಾಗಿ, ಹತ್ತರಲ್ಲಿ ಒಂಬತ್ತು ಗಾಡಿಗಳು ಮುಚ್ಚಿದವಾದವು. ಗುಮಾಸ್ತನಿಗೂ ಗಟ್ಟಿ ಮಾಡು ದೊರೆತ ಮೇಲೆ ಸಿರಿವಂತನಿಗೆ ಬಟ್ಟೆಯ ಮಾಡು ಪ್ರಿಯವಾಯಿತು! ತೆರೆದ ಗಾಡಿಯನ್ನು ಇಟ್ಟುಕೊಳ್ಳುವವನಿಗೆ ಮಳೆಗಾಲಕ್ಕೆ ಇನ್ನೊಂದು ಗಾಡಿ ಇರಬೇಕಷ್ಟೆ. ಅನುಕೂಲವನ್ನು ಬೇಡವೆನ್ನಬಲ್ಲೆನೆಂಬುದೇ ಐಶ್ವರ್ಯದ ಗುರುತಾಯಿತು. ಕೊಳ್ಳುವವರು ಕಡಿಮೆ, ಆದುದರಿಂದ ಮಾಡಿದ್ದೂ ಕಡಿಮೆ, ಆದುದರಿಂದಲೇ ಇಂದು ಉಳಿದಿರುವುದು ಅಪೂರ್ವ.

ಅಂಥ ಉತ್ತಮ ವರ್ಗದ ಗಾಡಿಗಳಲ್ಲಿ ಸ್ಟುಡಿಬೇಕರ್ ಪ್ರೆಸಿಡೆಂಟ್ ಒಂದು. 1852ರಲ್ಲಿ ಸೌತ್ ಬೆಂಡ್ ಎಂಬ ಊರಿನಲ್ಲಿ ಕಮ್ಮಾರಸಾಲೆ ತೆರೆದು, ಕುದುರೆಗಾಡಿಗಳನ್ನು ಮಾಡಿ ಹೆಸರಾದ ಅಣ್ಣತಮ್ಮಂದಿರ ಮನೆತನದ ಕಂಪೆನಿ ಅದು. 1966ರಲ್ಲಿ ಮೋಟಾರು ತಯಾರಿಕೆಯನ್ನು ನಿಲ್ಲಿಸಿತು. ಅವರ ಎಂಟು ಸಿಲಿಂಡರಿನ ಪ್ರೆಸಿಡೆಂಟ್ 1928ರಲ್ಲಿ ಅಟ್ಲಾಂಟಿಕ್ ಸಿಟಿಯ ಓಟದ ಪಥದಲ್ಲಿ 30,000 ಮೈಲುಗಳನ್ನು 26,326 ಮಿನಿಟುಗಳಲ್ಲಿ ಕ್ರಮಿಸಿತು. ಎಂದರೆ ಹದಿನೆಂಟು ದಿವಸಗಳಿಗೆ ಸ್ವಲ್ಪ ಹೆಚ್ಚು ಕಾಲ ಹಗಲಿರುಳೂ ಓಟ. ಸಿಲಿಂಡರುಗಳೆಂಟೂ ಒಂದೇ ಸಾಲಿನಲ್ಲಿ ನಿಲ್ಲುವುದರಿಂದ ಗಾಡಿಯ ಮೂತಿ ನೀಳವಾಯಿತು. ನೋಡುವವರು ಗಾಂಭೀರ್ಯವೆಂದು ಮೆಚ್ಚುವ ಆಕಾರ ಹೀಗೆ ಯಂತ್ರದ ಅವಶ್ಯಕತೆಯಿಂದ ಬಂದುದು. 1931ರ ಮಾದರಿಗೆ ‘ನಾಲ್ಕು ಋತುಗಳ ರೋಡ್‌ಸ್ಟರ್’ ಎಂಬ ತೆರೆದ ರೂಪವೂ ಇದ್ದಿತು. ಅದರಲ್ಲಿ ಪರದೆಗಳ ಬದಲು ಬಾಗಿಲೊಳಗಿಂದ ಏರಿಸುವ ಗಾಜುಗಳನ್ನಿಟ್ಟಿದ್ದರು. ಆ ನಾಲ್ಕು ಋತುಗಳಲ್ಲಿ ನಮ್ಮ ಆಷಾಢವನ್ನು ಸೇರಿಸಿಕೊಂಡಿದ್ದರೆಂದು ಮಾತ್ರ ನಾವು ನಂಬೆವು.

ಪ್ರೆಸಿಡೆಂಟ್ ಗಾಡಿಯ ಹೆಸರು ನಮ್ಮ ಸೀಮೆಗೆ ಅಪರಿಚಿತವಲ್ಲ. ಧರ್ಮಸ್ಥಳದ ಧರ್ಮಾಧಿಕಾರಿ ವೀರೇಂದ್ರ ಹೆಗ್ಗಡೆಯವರ ಹಳೆಯ ಮೋಟಾರುಗಳ ಸಂಗ್ರಹ ಪ್ರಸಿದ್ಧವಾದುದು. ಗಾಂಧೀಜಿಯವರು ಕರ್ನಾಟಕ ಪ್ರವಾಸದಲ್ಲಿ ಬಳಸಿದ್ದೆಂದು ಹೇಳಲಾಗುವ ಸ್ಟುಡಿಬೇಕರ್ ಪ್ರೆಸಿಡೆಂಟೂ ಅದರಲ್ಲಿ ಸೇರಿದೆ. ಚರಕದ ಮಹಾತ್ಮರಿಗೂ ಸಿರಿವಂತರ ಗಾಡಿಗೂ ಎತ್ತಣ ಸಂಬಂಧವೆಂದು ಕೇಳಬಹುದು. ಸಂಗ್ರಹದ ಬೆಲೆಯಿರುವುದೇ ಇಲ್ಲಿ: ಕಬ್ಬಿಣಕ್ಕೆ ತೂಕವುಂಟು, ಕುಳಿತವರ ನೆನಪಿಗೆ ತೂಕವಿಲ್ಲ. ಹೆಬ್ರಿಯವರು ಕಾರ್ಕಳ, ಬಜಗೋಳಿ, ನಾರಾವಿ, ಬೆಳ್ತಂಗಡಿ ದಾರಿಯಾಗಿ ಒಂದು ದಿನದಲ್ಲಿ ಧರ್ಮಸ್ಥಳಕ್ಕೆ ಹೋಗಿ ಮಕ್ಕಳಿಗೆ ಹಳೆಯ ಗಾಡಿಗಳನ್ನು ತೋರಿಸಿ ಬರಬಹುದು.

ಓಡಿಸುವ ಸುಖದ ಮಾತು ಬೇರೆ. ಮಾರ್ಗಶಿರದ ಎಳೆಬಿಸಿಲಿನಲ್ಲಿ ಸೋಮೇಶ್ವರದಿಂದ ಆಗುಂಬೆಯ ಹದಿನಾಲ್ಕು ತಿರುವುಗಳನ್ನು ಮಾಡು ಮಡಚಿದ ಗಾಡಿಯಲ್ಲಿ ಏರುವವನಿಗೆ ಮರದ ತುದಿಯೂ ಆಕಾಶವೂ ಒಟ್ಟಿಗೆ ಕಾಣುವುವು. ಒದ್ದೆ ಎಲೆಯ ವಾಸನೆ, ತೊರೆಯ ಸದ್ದು, ತಿರುವಿನ ತಂಪು ಎಲ್ಲವೂ ನೇರವಾಗಿ ಮುಟ್ಟುವುವು. ಗಾಜಿನೊಳಗೆ ಕುಳಿತವನಿಗೆ ಅದು ಚಿತ್ರಪಟ ಮಾತ್ರ. ಗೃಹಿಣಿಯರ ಆಕ್ಷೇಪವೂ ನ್ಯಾಯವಾದುದೇ: ಹೂ ಮುಡಿದು ಹತ್ತಿದವರು ನಾರು ಮುಡಿದು ಇಳಿಯುವರು.

ಹಳೆಯ ಮನೆಯ ಕೊಟ್ಟಿಗೆಯಲ್ಲಿ ಇಂಥ ಗಾಡಿಯೊಂದು ಉಳಿದಿದ್ದರೆ, ಗುಜರಿಗೆ ತೂಗಿ ಕೊಡುವ ಮೊದಲು ಯೋಚಿಸಬೇಕು. 2021ರಲ್ಲಿ ಕೇಂದ್ರ ಸರ್ಕಾರ ಮಾಡಿದ ನಿಯಮದಂತೆ, ಐವತ್ತು ವರ್ಷ ಮೀರಿ, ಹೆಚ್ಚಿನ ಮಾರ್ಪಾಟಿಲ್ಲದೆ ಮೂಲರೂಪದಲ್ಲಿರುವ ಸ್ವಂತ ಗಾಡಿಯನ್ನು ಪುರಾತನ ವಾಹನವೆಂದು ನೋಂದಾಯಿಸಬಹುದು. ಹೊಸ ನೋಂದಣಿಗೆ ನಿಗದಿಯಾದ ಶುಲ್ಕ 20,000 ರೂಪಾಯಿ, ಅವಧಿ ಹತ್ತು ವರ್ಷ. ಆಮೇಲಿನ ನವೀಕರಣಕ್ಕೆ 5,000. ಪ್ರದರ್ಶನ, ಮೆರವಣಿಗೆ, ದುರಸ್ತಿ, ಎಣ್ಣೆ ತುಂಬಿಸುವುದು ಇಂಥ ಕೆಲಸಗಳಿಗೆ ರಸ್ತೆಗಿಳಿಸಬಹುದೇ ಹೊರತು ದಿನಬಳಕೆಗೂ ಬಾಡಿಗೆಗೂ ಅಲ್ಲ.

ಕಾಗದಪತ್ರಕ್ಕಿಂತ ಕಷ್ಟವಾದುದು ಮಳೆಗಾಲವನ್ನು ಕಳೆಯಿಸುವುದು. ಆ ಕಾಲದ ಗಾಡಿಗಳಲ್ಲಿ ತಗಡಿನ ಒಳಗೆ ಮರದ ಚೌಕಟ್ಟಿರುವುದು ಹೆಚ್ಚು. ಗೆದ್ದಲು ಒಳಗಿನಿಂದ ತಿಂದು ಮುಗಿಸುವವರೆಗೆ ಹೊರಗೆ ತಿಳಿಯದು. ನೆಲ ಒಣಗಿರಬೇಕು, ಗಾಳಿಯಾಡಬೇಕು, ಬಹುಕಾಲ ನಿಲ್ಲಿಸುವುದಾದರೆ ಚಕ್ರಗಳ ಮೇಲೆ ಭಾರ ಬೀಳದಂತೆ ಮರದ ದಿಮ್ಮಿಗಳ ಮೇಲೆ ಎತ್ತಿಡಬೇಕು. ಮಾಡಿನ ಬಟ್ಟೆಯನ್ನು ಒದ್ದೆಯಿರುವಾಗ ಮಡಚಿದರೆ ಮೂಲೆಗಿಟ್ಟ ಕೊಡೆಯಂತೆ ಬೂಷ್ಟು ಹಿಡಿದು, ಮಡಿಕೆಯ ಗೆರೆಯಲ್ಲೇ ಹರಿಯುವುದು. ಹಪ್ಪಳ ಒಣಗಿಸುವಂಥ ಬಿಸಿಲು ಬಿದ್ದ ದಿವಸ ಪೂರ್ತಿ ಹರವಿ ಆರಿಸಿ, ಅದು ಗರಿಗರಿಯಾದ ಮೇಲೆಯೇ ಮಡಚತಕ್ಕದ್ದು.