ಊರ ಮಿಸ್ತ್ರಿ ಬಲ್ಲ ಕಾರೇ ಅಗ್ಗದ ಕಾರು

ಬಸವನಬಾಗೇವಾಡಿ ಸೀಮೆಯ ಮಸೂತಿಯಂಥ ಊರಿನಲ್ಲಿದ್ದು ಹಳೆಯ ಕಾರೊಂದನ್ನು ಇಟ್ಟುಕೊಳ್ಳಬೇಕೆಂದು ಆಸೆಪಡುವವರಿಗೆ ಇವತ್ತು ನೋಡಲು ಬೇಕಾದಷ್ಟು ಸಿಗುತ್ತದೆ. ಸೊಲ್ಲಾಪುರದ ಕಡೆಯ ಪದ್ಮಿನಿ, ಯಾವುದೋ ಸಹಕಾರಿ ಸಂಘದ ಶೆಡ್ಡಿನಲ್ಲಿ ಧೂಳು ಹಿಡಿದು ನಿಂತ ಅಂಬಾಸಡರ್, ಬೆಂಗಳೂರಿನಲ್ಲಿ ಬಣ್ಣ ಹೊಡೆಸಿ ಮಾರಾಟಕ್ಕಿಟ್ಟ ಕಾಂಟೆಸ್ಸಾ, ಮೊದಲ ಕಾಲದ ಮಾರುತಿ 800. ಇವುಗಳಲ್ಲಿ ಹಲವು ಒಂದು ಹೊಸ ಮೋಟಾರ್‌ಸೈಕಲ್ಲಿನ ಬೆಲೆಯ ಆಸುಪಾಸಿನಲ್ಲೇ ಕೈಗೆ ಬರುತ್ತವೆ. ನೋಡುವವರು ಮೊದಲು ನೋಡುವುದು ಬೆಲೆ, ಆಮೇಲೆ ಬಣ್ಣ. ಇವೆರಡಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ ಒಂದಿದೆ: ಈ ಗಾಡಿ ಕೆಟ್ಟು ನಿಂತ ದಿನ ಅದನ್ನು ಬಿಚ್ಚಿ ಜೋಡಿಸಬಲ್ಲವರು ಎಷ್ಟು ಕಿಲೋಮೀಟರ್ ದೂರದಲ್ಲಿದ್ದಾರೆ? ಅಗ್ಗದ ಹಳೆ ಕಾರು ಎಂಬುದಕ್ಕೆ ಆ ದೂರವೇ ಸರಿಯಾದ ಅಳತೆ ಎಂಬುದು ಈ ಲೇಖನದ ವಾದ. ಈ ಅಳತೆ ಹಿಡಿದು ಹೊರಟರೆ ನಮ್ಮ ವಿಜಯಪುರ ಜಿಲ್ಲೆಗೆ ಒಗ್ಗುವ ಹೆಸರುಗಳು ಮೂರೇ ಉಳಿಯುತ್ತವೆ: ಪದ್ಮಿನಿ, ಅಂಬಾಸಡರ್, 800.

ಪದ್ಮಿನಿಯಿಂದಲೇ ಶುರುಮಾಡೋಣ. ಅದರ ಕಥೆಯಲ್ಲಿ ನಮ್ಮ ಪಾಲೂ ಇದೆ. ಅದನ್ನು ತಯಾರಿಸಿದ ಪ್ರೀಮಿಯರ್ ಆಟೊಮೊಬೈಲ್ಸ್ ಕಂಪನಿಯನ್ನು 1944ರಲ್ಲಿ ಕಟ್ಟಿದವರು ವಾಲ್‌ಚಂದ್ ಹೀರಾಚಂದ್. ವಿಜಯಪುರದವರು ಬಟ್ಟೆ ಕೊಳ್ಳಲು, ದವಾಖಾನೆಗೆ ತೋರಿಸಲು ಹೋಗಿಬರುವ ಸೊಲ್ಲಾಪುರವೇ ಅವರ ಹುಟ್ಟೂರು. ಈ ದೇಶದಲ್ಲೇ ಮೋಟಾರು ತಯಾರಾಗಬೇಕು ಎಂದು 1930ರ ದಶಕದಲ್ಲಿ ಯೋಜನೆ ಸಿದ್ಧಪಡಿಸಿ, ಯುರೋಪು–ಅಮೆರಿಕಗಳ ಕಾರ್ಖಾನೆಗಳನ್ನು ನೋಡಿಬಂದವರು ಸರ್ ಎಂ. ವಿಶ್ವೇಶ್ವರಯ್ಯ. ಆ ಯೋಜನೆಗೆ ಬಂಡವಾಳಗಾರರಾಗಿ ಕೈಜೋಡಿಸಿದವರು ಇದೇ ವಾಲ್‌ಚಂದ್. ಮೈಸೂರು ಸರ್ಕಾರ ಬೆಂಬಲಕ್ಕೆ ಮುಂದಾಗಿತ್ತು. ಬ್ರಿಟಿಷ್ ಸರ್ಕಾರ ಅಡ್ಡ ನಿಂತಿತು. 1940ರಲ್ಲಿ ವಾಲ್‌ಚಂದ್ ಮೈಸೂರು ಸರ್ಕಾರದ ಜೊತೆ ಸೇರಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ಆರಂಭಿಸಿದರು, ಅದೇ ಮುಂದೆ ಎಚ್‌ಎಎಲ್ ಆಯಿತು. ಮೋಟಾರು ಕಾರ್ಖಾನೆ ಮಾತ್ರ ಮುಂಬಯಿಯ ಪಾಲಾಯಿತು. ಅಲ್ಲಿ ಇಟಲಿಯ ಫಿಯೆಟ್ 1100 ಮಾದರಿಗಳು ತಯಾರಾದವು. 1964ರಲ್ಲಿ ಬಂದ 1100 ಡಿ ಮಾದರಿಯೇ 1970ರ ದಶಕದಲ್ಲಿ ಪ್ರೀಮಿಯರ್ ಪದ್ಮಿನಿ ಎಂಬ ಹೆಸರು ಹೊತ್ತು, ಮೈಕಟ್ಟು ಹೆಚ್ಚು ಬದಲಾಗದೆ ಆ ಶತಮಾನದ ಕೊನೆಯವರೆಗೂ ನಡೆಯಿತು. 1,089 ಸಿಸಿ ಎಂಜಿನ್, ಸ್ಟೀರಿಂಗಿನ ಪಕ್ಕದಲ್ಲೇ ಗೇರಿನ ಹಿಡಿ. ಮೈಸೂರು ಸೀಮೆಯಲ್ಲಿ ಹುಟ್ಟಬೇಕಾಗಿದ್ದ ಉದ್ಯಮವೊಂದರ ಕೂಸು ಎಂಬ ಕಾರಣಕ್ಕೇ ಕನ್ನಡಿಗರು ಈ ಕಾರನ್ನು ಅಕ್ಕರೆಯಿಂದ ನೋಡಬೇಕು ಎಂದು ನನಗೆ ಅನ್ನಿಸುತ್ತದೆ.

ಈ ಮೂರೂ ಕಾರುಗಳಿಗೆ ಸಾಮಾನ್ಯವಾದ ಗುಣವೆಂದರೆ ದೀರ್ಘಾಯುಷ್ಯ. ಅಂಬಾಸಡರ್ 1950ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಮಾದರಿಯಿಂದ ರೂಪುಗೊಂಡು, ಬಂಗಾಳದ ಉತ್ತರಪಾಡಾದ ಕಾರ್ಖಾನೆಯಲ್ಲಿ 2014ರ ಮೇ ತನಕ ತಯಾರಾಯಿತು. ಮಾರುತಿ 800 ಡಿಸೆಂಬರ್ 1983ರಿಂದ 2014ರ ಜನವರಿಯವರೆಗೆ ಬಂತು. ಅದರ ಮೈ 1986ರಲ್ಲಿ ಬದಲಾಯಿತು, ಆದರೆ 796 ಸಿಸಿಯ ಮೂರು ಸಿಲಿಂಡರ್ ಎಂಜಿನ್ನಿನ ಅಳತೆ ಹಾಗೇ ಉಳಿಯಿತು. ಲೈಸೆನ್ಸ್ ಕಾಲದಲ್ಲಿ ಕಾರು ಬುಕ್ ಮಾಡಿದವರು ವರ್ಷಗಟ್ಟಲೆ ಕಾಯಬೇಕಿತ್ತು. ಗ್ರಾಹಕನಿಗೆ ಅದೊಂದು ಶಿಕ್ಷೆ, ಹೊಸತನಕ್ಕೆ ಬಿದ್ದ ಬೀಗ. ಅದನ್ನು ಯಾರೂ ಹೊಗಳಬೇಕಿಲ್ಲ. ಆದರೆ ಆ ಜಡತ್ವದಿಂದ ಒಂದು ಲಾಭವೂ ಹುಟ್ಟಿತು. ಒಂದೇ ಎಂಜಿನ್ನನ್ನು ಮೂವತ್ತು ವರ್ಷ ಬಿಚ್ಚಿ ಜೋಡಿಸಿದ ಕೈಗಳು ತಾಲೂಕು ತಾಲೂಕಿನಲ್ಲೂ ತಯಾರಾದವು. ಡಾಕ್ಟರ ಪದ್ಮಿನಿ, ಅಡತಿ ವ್ಯಾಪಾರಿಯ ಅಂಬಾಸಡರ್, ಸರ್ಕಾರಿ ಕಚೇರಿಯ ಇನ್ನೊಂದು ಅಂಬಾಸಡರ್ ಇವೆಲ್ಲ ಕಂಪನಿಯ ವರ್ಕ್‌ಶಾಪಿನ ಮುಖ ನೋಡದೆ ಊರ ಗ್ಯಾರೇಜಿನಲ್ಲೇ ಬದುಕಿದವು. ಬಿಡಿಭಾಗಗಳ ಸರಪಳಿಯೂ ಹಾಗೇ ಬೆಳೆಯಿತು: ಬೆಂಗಳೂರಿನ ಜೆ.ಸಿ. ರಸ್ತೆ, ಶಿವಾಜಿನಗರದ ಗುಜರಿ ಅಂಗಡಿಗಳು, ಮುಂಬಯಿಯ ಕುರ್ಲಾ. ಈ ಸರಪಳಿಯಲ್ಲಿ ಇಲ್ಲದ ಕಾರು ಎಷ್ಟೇ ಚೆಂದವಿರಲಿ, ಒಂದು ಸೀಲ್ ಒಡೆದರೆ ತಿಂಗಳುಗಟ್ಟಲೆ ಅಟ್ಟದ ಮೇಲಿನ ವಸ್ತುವಾಗುತ್ತದೆ.

ಈ ಮಾತಿಗೆ ಕರ್ನಾಟಕದ್ದೇ ಒಂದು ನಿದರ್ಶನವಿದೆ, ನೋವಿನ ನಿದರ್ಶನ. ಬೆಂಗಳೂರಿನ ಸಿಪಾನಿ ಕಂಪನಿ 1970ರ ದಶಕದಲ್ಲಿ ಬಾದಲ್ ಎಂಬ ಮೂರು ಗಾಲಿಯ ಕಾರನ್ನು, 1980ರ ದಶಕದಲ್ಲಿ ಇಂಗ್ಲೆಂಡಿನ ರಿಲಯಂಟ್ ಕಿಟನ್ ಮಾದರಿಯ ಡಾಲ್ಫಿನ್ ಕಾರನ್ನು ತಯಾರಿಸಿತು. ಡಾಲ್ಫಿನ್‌ನ ಮೈ ಫೈಬರ್‌ನದು, ತುಕ್ಕಿನ ಭಯವಿಲ್ಲ. 848 ಸಿಸಿ ಎಂಜಿನ್, ಹಗುರವಾದ ಮೈ. ಮಾರುತಿ 800 ಮಾರುಕಟ್ಟೆಗೆ ಬಂದ ಮೇಲೆ ಅದು ನಿಲ್ಲಲಾರದೆ ಹೋಯಿತು. ನಮ್ಮ ನೆಲದಲ್ಲಿ ತಯಾರಾದ ಕಾರು ಎಂದು ಅದನ್ನು ಕೊಳ್ಳುವ ಮನಸ್ಸು ಯಾರಿಗಾದರೂ ಬಂದರೆ ಅದು ಗೌರವಿಸಬೇಕಾದ ಮನಸ್ಸು. ಆದರೆ ಹೊಸಬರು ಅದರಿಂದ ಶುರುಮಾಡಬಾರದು. ತಯಾರಾದದ್ದೇ ಕಡಿಮೆ, ಬಲ್ಲವರು ಇನ್ನೂ ಕಡಿಮೆ. ಹಾಗೆಯೇ ಮದ್ರಾಸಿನ ಸ್ಟ್ಯಾಂಡರ್ಡ್ ಹೆರಾಲ್ಡ್. ಕಾಂಟೆಸ್ಸಾ ಇನ್ನೂ ಮುಂದಿನ ಮೆಟ್ಟಿಲು: ಎಂಜಿನ್ನಿಗೆ ಹೇಗಾದರೂ ದಾರಿ ಸಿಗುತ್ತದೆ, ಗಾಜು ಮತ್ತು ಮೈಯ ಭಾಗಗಳಿಗೆ ಅಲೆದಾಡಬೇಕು.

ಇನ್ನು ಆರಿಸುವ ವಿದ್ಯೆ. ಸಂಕ್ರಾಂತಿಯ ಹೊತ್ತಿಗೆ ವಿಜಯಪುರದ ಸಿದ್ಧೇಶ್ವರ ಜಾತ್ರೆಯಲ್ಲಿ ಎತ್ತು ಕೊಳ್ಳುವ ರೈತ ಕೊಂಬಿನ ಬಣ್ಣಕ್ಕೆ ಮರುಳಾಗುವುದಿಲ್ಲ; ಹಲ್ಲು ನೋಡುತ್ತಾನೆ, ಸುಳಿ ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾನೆ. ಹಳೆ ಕಾರಿನಲ್ಲಿ ಹಲ್ಲಿನ ಜಾಗದಲ್ಲಿರುವುದು ತಳದ ತಗಡು. ಪದ್ಮಿನಿಗಾಗಲಿ ಅಂಬಾಸಡರಿಗಾಗಲಿ ಲಾರಿಗೆ ಇರುವಂತೆ ಬೇರೆ ಚಾಸಿ ಇಲ್ಲ. ಮೈಯೇ ಭಾರ ಹೊರುತ್ತದೆ. ಬಾಗಿಲ ಕೆಳಗಿನ ಪಟ್ಟಿ, ಕಾಲಿಡುವ ನೆಲ, ಹಿಂದಿನ ಪಾಟಾ ಕೂಡುವ ಜಾಗ, ಈ ಮೂರು ಕಡೆ ತುಕ್ಕು ತಿಂದಿದ್ದರೆ ಎಂಜಿನ್ ಎಷ್ಟೇ ಸೊಗಸಾಗಿ ಹಾಡಿದರೂ ಕೈಬಿಡುವುದು ಮೇಲು. ಎಂಜಿನ್ನಿನ ಕೆಲಸಕ್ಕೆ ಖರ್ಚಿನ ಲೆಕ್ಕ ಹಾಕಬಹುದು. ಟಿಂಕರಿಂಗ್ ಕೆಲಸ ಬಿಚ್ಚಿದಷ್ಟೂ ಬೆಳೆಯುತ್ತದೆ. ತೆಳು ಬಟ್ಟೆ ಸುತ್ತಿದ ಸಣ್ಣ ಅಯಸ್ಕಾಂತವನ್ನು ಮೈಮೇಲೆ ಆಡಿಸಿದರೆ ಬಣ್ಣದ ಕೆಳಗೆ ತಗಡಿದೆಯೋ ಪುಟ್ಟಿ ತುಂಬಿದ್ದಾರೋ ತಿಳಿಯುತ್ತದೆ, ಪುಟ್ಟಿಯ ಮೇಲೆ ಅದು ಹಿಡಿಯದು. ಈ ವಿಷಯದಲ್ಲಿ ನಮ್ಮ ಒಣ ಹವೆ ಒಂದು ಆಸ್ತಿ. ವಿಜಯಪುರ ಜಿಲ್ಲೆಯ ಮಳೆ ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು. ಮಂಗಳೂರಿನಲ್ಲಿ 3,500ಕ್ಕೂ ಹೆಚ್ಚು, ಮೇಲೆ ಸಮುದ್ರದ ಉಪ್ಪು ಗಾಳಿ. ಮುಂಬಯಿಯ ಪದ್ಮಿನಿಗಿಂತ ಇಂಡಿಯ, ಸಿಂದಗಿಯ ಪದ್ಮಿನಿಯ ತಗಡು ಗಟ್ಟಿಯಾಗಿರುವ ಸಂಭವ ಹೆಚ್ಚು ಎನ್ನುವುದಕ್ಕೆ ಇಷ್ಟು ಸಾಕು. ಹಾಗೆಂದು ಮೈಮರೆಯುವಂತಿಲ್ಲ. ಎರೆಮಣ್ಣು ಒಮ್ಮೆ ತಳದ ಸಂದಿಗಳಲ್ಲಿ ಮೆತ್ತಿಕೊಂಡರೆ ನೀರನ್ನು ಬೇಗ ಬಿಡುವುದಿಲ್ಲ. ಮಳೆಗಾಲದಲ್ಲಿ ಹೊಲದ ದಾರಿಗೆ ಇಳಿದ ಕಾರನ್ನು ತಳ ತೊಳೆಯದೆ ನಿಲ್ಲಿಸಿದ್ದರೆ ಒಣ ಜಿಲ್ಲೆಯಲ್ಲೂ ತುಕ್ಕು ಕೆಳಗಿನಿಂದ ಏರುತ್ತದೆ. ಕಾರನ್ನು ಲಿಫ್ಟಿನ ಮೇಲೇರಿಸಿ ತಳ ನೋಡದೆ ಮುಂಗಡ ಕೊಡಬಾರದು.

ತಗಡಿನಷ್ಟೇ ಮುಖ್ಯ ಕಾಗದ. ನಮ್ಮದು ಗಡಿ ಜಿಲ್ಲೆ. ಕೆಎ 28 ಪಾಸಿಂಗ್ ಗಾಡಿಗಿಂತ ಸೊಲ್ಲಾಪುರದ ಎಂಎಚ್ 13 ಪಾಸಿಂಗ್ ಗಾಡಿ ಎಷ್ಟೋ ಸಲ ಅಗ್ಗಕ್ಕೆ ಕಾಣುತ್ತದೆ. ಆದರೆ ಅಲ್ಲಿನ ಆರ್‌ಟಿಒದಿಂದ ಎನ್‌ಒಸಿ ತಂದು, ಇಲ್ಲಿ ತೆರಿಗೆ ಕಟ್ಟಿ, ಹೊಸ ನಂಬರು ಪಡೆಯುವ ಹೊತ್ತಿಗೆ ಆ ಅಗ್ಗ ಕರಗಿರುತ್ತದೆ. ಖಾಸಗಿ ಕಾರಿನ ಆರ್‌ಸಿ ಹದಿನೈದು ವರ್ಷಕ್ಕೆ ಮುಗಿಯುತ್ತದೆ, ಆಮೇಲೆ ತಪಾಸಣೆ ಮಾಡಿಸಿ ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕು. 600 ರೂಪಾಯಿ ಇದ್ದ ಈ ಶುಲ್ಕ 2022ರ ಏಪ್ರಿಲ್‌ನಿಂದ 5,000 ಆಯಿತು. 2025ರ ಆಗಸ್ಟ್‌ನ ತಿದ್ದುಪಡಿ ಇಪ್ಪತ್ತು ವರ್ಷ ದಾಟಿದ ಕಾರುಗಳಿಗೆ ಅದನ್ನು 10,000ಕ್ಕೆ ಏರಿಸಿತು. ಆದ್ದರಿಂದ ಚಾಲ್ತಿಯಲ್ಲಿರುವ ಆರ್‌ಸಿ ಇರುವ, ಪುಸ್ತಕದಲ್ಲಿರುವ ಎಂಜಿನ್ ಮತ್ತು ಚಾಸಿ ನಂಬರುಗಳು ಗಾಡಿಯ ಮೇಲೂ ಓದಲು ಸಿಗುವ ಕಾರಿಗೆ ಹತ್ತಿಪ್ಪತ್ತು ಸಾವಿರ ಹೆಚ್ಚು ಕೊಟ್ಟರೂ ನಷ್ಟವಿಲ್ಲ. ಸತ್ತವರ ಹೆಸರಿನಲ್ಲೇ ಉಳಿದುಹೋದ ಕಾರುಗಳು ಹಳ್ಳಿಗಳಲ್ಲಿ ಸಾಕಷ್ಟಿವೆ. ಅಂಥ ಕಡೆ ವಾರಸುದಾರರು ತಮ್ಮ ಹೆಸರಿಗೆ ಮಾಡಿಸಿಕೊಂಡು, ಆಮೇಲೆ ಫಾರ್ಮ್ 29 ಮತ್ತು 30ಕ್ಕೆ ಸಹಿ ಹಾಕುವವರೆಗೆ ಹಣ ಕೈಬದಲಾಗಬಾರದು.

ಐವತ್ತು ವರ್ಷ ದಾಟಿದ ಗಾಡಿಗಳಿಗೆ ಕೇಂದ್ರ ಸರ್ಕಾರ 2021ರ ಜುಲೈನಲ್ಲಿ ಬೇರೆಯೇ ನಿಯಮ ತಂದಿದೆ. ಮೂಲರೂಪ ಕೆಡದೆ ಉಳಿದಿದ್ದರೆ ಅದು ವಿಂಟೇಜ್ ವಾಹನ; ಹೊಸದಾಗಿ ನೋಂದಾಯಿಸಿದರೆ ‘ವಿಎ’ ಅಕ್ಷರಗಳಿರುವ ನಂಬರು, 20,000 ರೂಪಾಯಿ ಶುಲ್ಕ, ಹತ್ತು ವರ್ಷದ ಅವಧಿ. ಹಾಗೆ ನೋಂದಾಯಿಸಿದ ಮೇಲೆ ಪ್ರದರ್ಶನ, ರ‍್ಯಾಲಿ, ರಿಪೇರಿ, ಇಂಧನ ತುಂಬಿಸುವಂಥ ಕೆಲಸಕ್ಕೆ ಬಿಟ್ಟರೆ ರಸ್ತೆಗಿಳಿಸುವಂತಿಲ್ಲ. ಅರಮನೆ ಕಾಲದ ಕಾರುಗಳಿಗೆ ಇದು ಸರಿಯಾದ ಆಸರೆ. ಆದರೆ 1980ರ ಪದ್ಮಿನಿಗೆ ಐವತ್ತು ತುಂಬುವುದು 2030ಕ್ಕೆ, ಮೊದಲ ಮಾರುತಿಗೆ 2033ರ ಕೊನೆಗೆ. ಅಲ್ಲಿಯವರೆಗೆ ಕಾನೂನಿನ ಕಣ್ಣಿಗೆ ಅವು ಬರೀ ಮುದಿ ಕಾರುಗಳು. ಇದೇ ಅವಧಿಯಲ್ಲಿ ಅವು ಮಾಯವಾಗುತ್ತಿವೆ ಎಂಬುದು ನನ್ನ ಆತಂಕ. ಹದಿನೈದು ವರ್ಷ ದಾಟಿದ ಸರ್ಕಾರಿ ವಾಹನಗಳ ನೋಂದಣಿಯನ್ನು 2023ರ ಏಪ್ರಿಲ್ 1ರಿಂದ ರದ್ದುಮಾಡಿ ಗುಜರಿಗೆ ಕಳಿಸಲಾಗುತ್ತಿದೆ; ಇಲಾಖೆಗಳ ಹರಾಜಿನಲ್ಲಿ ಅಂಬಾಸಡರ್ ಹಿಡಿಯುವ ಹಳೆಯ ದಾರಿ ಅಲ್ಲಿಗೆ ಮುಚ್ಚಿತು. ಮುಂಬಯಿಯಲ್ಲಿ ಹತ್ತಾರು ಸಾವಿರ ಇದ್ದ ಪದ್ಮಿನಿ ಟ್ಯಾಕ್ಸಿಗಳಲ್ಲಿ ಕೊನೆಯದು 2023ರ ಅಕ್ಟೋಬರ್‌ನಲ್ಲಿ ರಸ್ತೆ ಬಿಟ್ಟಿತು. ಬಿಡಿಭಾಗಗಳಿಗೆ ದೊಡ್ಡ ಗಿರಾಕಿಯಾಗಿದ್ದ ಟ್ಯಾಕ್ಸಿಯೇ ಇಲ್ಲವಾದ ಮೇಲೆ ಆ ಭಾಗಗಳನ್ನು ಮಾಡಿಸುವವರು ಯಾರು?

ಆಕ್ಷೇಪಗಳಿಗೆ ಬರೋಣ. ಹಳೆ ಕಾರು ಹೊಗೆ ಉಗುಳುತ್ತದೆ ಎಂಬುದು ಮೊದಲನೆಯದು, ಅದು ನಿಜ. ಕಾರ್ಬುರೇಟರ್ ಎಂಜಿನ್ ಪ್ರತಿ ಕಿಲೋಮೀಟರಿಗೆ ಇವತ್ತಿನ ಕಾರಿಗಿಂತ ಹೆಚ್ಚು ಕೊಳೆಯ ಗಾಳಿಯನ್ನೇ ಬಿಡುತ್ತದೆ. ಆದರೆ ಹವ್ಯಾಸದ ಕಾರು ಓಡುವುದು ಭಾನುವಾರಕ್ಕೊಮ್ಮೆ, ಜಾತ್ರೆಗೊಮ್ಮೆ, ಮದುವೆಗೊಮ್ಮೆ. ದಿನವಿಡೀ ಓಡುವ ಟ್ಯಾಕ್ಸಿಗೆ ಹೇಳಬೇಕಾದ ಮಾತನ್ನು ಇದಕ್ಕೂ ಹೇಳುವುದು ಸರಿಯಲ್ಲ. ದೆಹಲಿಯಂತೆ ಉಸಿರು ಕಟ್ಟುವ ನಗರದಲ್ಲಿ ಹದಿನೈದು ವರ್ಷದ ಪೆಟ್ರೋಲ್ ಕಾರಿಗೆ ನಿರ್ಬಂಧ ಬಂದುದಕ್ಕೆ ಕಾರಣ ಅರ್ಥವಾಗುತ್ತದೆ. ಎರೆ ಭೂಮಿಯ ಬಯಲಿಗೆ ಅದೇ ಅಳತೆ ಹೊಂದದು. ಎರಡನೆಯ ಆಕ್ಷೇಪ ಸುರಕ್ಷತೆಯದು, ಇದು ಇನ್ನೂ ಭಾರವಾದದ್ದು. ಏರ್‌ಬ್ಯಾಗ್ ಇಲ್ಲ, ಹಲವಕ್ಕೆ ನಾಲ್ಕೂ ಗಾಲಿಗೆ ಡ್ರಮ್ ಬ್ರೇಕ್, ಎಷ್ಟೋ ಕಾರುಗಳಲ್ಲಿ ಸೀಟ್ ಬೆಲ್ಟೂ ಇಲ್ಲ. ಸೊಲ್ಲಾಪುರ ರಸ್ತೆಯ ಟ್ರಕ್ಕುಗಳ ನಡುವೆ ರಾತ್ರಿ ಇದನ್ನು ಓಡಿಸುವುದು ದುಸ್ಸಾಹಸ. ಬೆಲ್ಟ್ ಹಾಕಿಸುವುದು, ಬ್ರೇಕಿನ ರಬ್ಬರು, ಪೈಪುಗಳನ್ನು ಮೊದಲ ದಿನವೇ ಹೊಸದು ಮಾಡಿಸುವುದು, ಹಗಲಿನಲ್ಲಿ ಒಳರಸ್ತೆಯಲ್ಲಿ ಓಡಿಸುವುದು, ಇದಕ್ಕೆ ಒಪ್ಪದವರು ಕೊಳ್ಳದಿರುವುದೇ ಲೇಸು. ಅದೇ ದುಡ್ಡಿಗೆ ಹತ್ತು ವರ್ಷದ ಒಳ್ಳೆ ಕಾರು ಬರುತ್ತದಲ್ಲ ಎನ್ನುವವರ ಮಾತೂ ಸರಿ. ಮನೆಗೆ ಇರುವುದು ಒಂದೇ ಕಾರು, ಅದರಲ್ಲೇ ತಾಯಿಯನ್ನು ದವಾಖಾನೆಗೆ ಕರೆದೊಯ್ಯಬೇಕು ಎಂದಾದರೆ ಆ ಹತ್ತು ವರ್ಷದ ಕಾರನ್ನೇ ಕೊಳ್ಳಬೇಕು.

ಇಷ್ಟಾಗಿ, ಇಂಥ ಸಾಮಾನ್ಯ ಕಾರನ್ನು ಉಳಿಸುವುದರಲ್ಲಿ ಏನಿದೆ, ಪರಂಪರೆ ಎಂದರೆ ರಾಜರ ಕಾರಲ್ಲವೇ ಎಂದು ಕೇಳುವವರಿದ್ದಾರೆ. ಧರ್ಮಸ್ಥಳದಲ್ಲಿ ಡಾ. ಡಿ. ವೀರೇಂದ್ರ ಹೆಗ್ಗಡೆಯವರು ದಶಕಗಳಿಂದ ಕೂಡಿಸಿದ ಹಳೆ ಕಾರುಗಳ ಸಂಗ್ರಹವಿದೆ. ಶ್ರೀರಂಗಪಟ್ಟಣದ ಬಳಿಯ ‘ಪಯಣ’ ಸಂಗ್ರಹಾಲಯವೂ ಅವರ ಶ್ರಮವೇ. ರಾಜರ ಕಾರುಗಳಿಗೆ ಹಾಗೆ ನೆರಳು ಸಿಕ್ಕಿದೆ, ಮುಂದೆಯೂ ಸಿಗುತ್ತದೆ. ಹೆರಿಗೆಗೆ ಹೊರಟ ಹೆಣ್ಣುಮಗಳನ್ನು ಬಾಗೇವಾಡಿಗೆ ಮುಟ್ಟಿಸಿದ, ಚುನಾವಣೆಯಲ್ಲಿ ಮೈಕು ಹೊತ್ತು ತಿರುಗಿದ, ಆರು ಜನರ ಜಾಗದಲ್ಲಿ ಹತ್ತು ಜನರನ್ನು ಹೊತ್ತ ಅಂಬಾಸಡರಿಗೆ ನೆರಳು ಕೊಡಬೇಕಾದವರು ಊರಿನವರೇ. ಉತ್ತರ ಕರ್ನಾಟಕದ ಕಳೆದ ಅರ್ಧ ಶತಮಾನದ ಬದುಕು ನಡೆದದ್ದು ಇವುಗಳಲ್ಲಿ. ಅದಕ್ಕೆ ಲಕ್ಷಾಧೀಶರು ಬೇಕಿಲ್ಲ, ಒಂದು ತಗಡಿನ ಶೆಡ್ಡು ಮತ್ತು ತಾಳ್ಮೆ ಇದ್ದರೆ ಆದೀತು.

ಕಾಲ ಮಾತ್ರ ಕಡಿಮೆಯಿದೆ. ಕಾರ್ಬುರೇಟರನ್ನು ಕಿವಿಯಿಂದಲೇ ಹೊಂದಿಸುವ, ಪ್ಲಾಟಿನಂ ಪಾಯಿಂಟಿನ ಸಂದು ಕಣ್ಣಳತೆಯಲ್ಲೇ ಹಿಡಿಯುವ ಮಿಸ್ತ್ರಿಗಳಿಗೆ ವಯಸ್ಸಾಗಿದೆ. ಅವರ ಮಕ್ಕಳು ಕಲಿತಿರುವುದು ಸ್ಕ್ಯಾನರ್ ಹಚ್ಚುವ ಕಾರುಗಳನ್ನು. ಹೊಸ ತೊಡಕುಗಳೂ ಬಂದಿವೆ. ಪೆಟ್ರೋಲಿನಲ್ಲಿ ಈಗ ಶೇ 20ರಷ್ಟು ಎಥೆನಾಲ್ ಇರುತ್ತದೆ. ನಮ್ಮ ಭಾಗದ ಕಬ್ಬಿಗೂ ಸಕ್ಕರೆ ಕಾರ್ಖಾನೆಗೂ ಅದು ಒಳ್ಳೆಯದೇ, ಆದರೆ ಹಳೆ ಕಾರಿನ ರಬ್ಬರ್ ಪೈಪು, ಗ್ಯಾಸ್ಕೆಟ್ಟುಗಳು ಅದಕ್ಕಾಗಿ ಮಾಡಿದವಲ್ಲ. ಎಥೆನಾಲ್ ನೀರನ್ನೂ ಎಳೆಯುತ್ತದೆ, ತಿಂಗಳುಗಟ್ಟಲೆ ನಿಂತ ಕಾರಿನ ಟ್ಯಾಂಕು ಒಳಗಿಂದ ತುಕ್ಕು ಹಿಡಿಯುತ್ತದೆ. ಪೈಪುಗಳನ್ನು ಎಥೆನಾಲ್ ತಡೆಯುವ ಜಾತಿಯವಕ್ಕೆ ಬದಲಿಸಿ, ವಾರಕ್ಕೊಮ್ಮೆಯಾದರೂ ಓಡಿಸಿದರೆ ಈ ತೊಂದರೆ ತಪ್ಪುತ್ತದೆ. ಇಂಥ ಕೆಲಸ ಕಲಿಯಲು ಸರ್ಕಾರಿ ಐಟಿಐಗಳ ಮೋಟಾರ್ ಮೆಕ್ಯಾನಿಕ್ ವಿದ್ಯಾರ್ಥಿಗಳಿಗೆ ಒಂದು ಪದ್ಮಿನಿ ಎಂಜಿನ್ ಕೊಟ್ಟರೆ ಸಾಕು: ಬಾನೆಟ್ ಎತ್ತಿದರೆ ಎಲ್ಲವೂ ಕಣ್ಣಿಗೆ ಕಾಣುತ್ತದೆ, ಮಾಮೂಲಿ ಪಾನಾಗಳಲ್ಲೇ ಬಿಚ್ಚಬಹುದು. ಈ ಮಳೆಗಾಲ ಮುಗಿದ ಮೇಲೆ ಕಾರು ನೋಡಲು ಹೊರಡುವವರು ಊರಿನ ಹಿರಿಯ ಮಿಸ್ತ್ರಿಯನ್ನು ಜೊತೆಗೆ ಕರೆದುಕೊಂಡು ಹೋಗಲಿ, ಅವರ ಒಂದು ದಿನದ ಪಗಾರ ಮೊದಲೇ ಕೊಟ್ಟು. ಅವರು ಬೇಡವೆಂದ ಕಾರನ್ನು ಕೊಳ್ಳದಿರಲಿ.