ಸಲಾಡ್‌ಗೆ ಬಾಟಲಿ ಯಾಕೆ, ಸಾಸಿವೆ ಡಬ್ಬಿ ಇಲ್ವಾ?

ನಮ್ಮ ಯಜಮಾನರಿಗೆ ಬಿಪಿ ಇದೆ ಅಂತ ಗೊತ್ತಾದ ದಿನ ಮನೆಯವರೆಲ್ಲರ ಮುಖ ಸಪ್ಪೆಯಾಗಿತ್ತು. ಮಾರನೇ ದಿನದಿಂದ ಸಾರೂ ಸಪ್ಪೆಯಾಯ್ತು! ‘ಉಪ್ಪು ಕಮ್ಮಿ ಮಾಡಿ, ಉಪ್ಪಿನಕಾಯಿ, ಹಪ್ಪಳ ಬಿಡಿ, ಹಸಿ ತರಕಾರಿ ಜಾಸ್ತಿ ಕೊಡಿ’ ಅಂತ ಡಾಕ್ಟರು ಹೇಳಿ ಕಳಿಸಿದ್ದರು. ಹೇಳೋದು ಸುಲಭ. ಸೌತೆಕಾಯಿ, ಕ್ಯಾರೆಟ್, ಮೂಲಂಗಿ ಹೆಚ್ಚಿ ತಟ್ಟೆ ತುಂಬ ಇಟ್ಟರೆ ಅವರು ಎರಡು ಹೋಳು ಬಾಯಿಗೆ ಹಾಕಿಕೊಂಡು ತಟ್ಟೆ ಪಕ್ಕಕ್ಕೆ ಸರಿಸೋರು. ನಮ್ಮತ್ತೆಯಂತೂ, ‘ಹಸೀದನ್ನೆಲ್ಲ ಹೀಗೆ ಮುಂದೆ ಹಾಕಿದ್ರೆ ಮೇಯೋಕೆ ಅವನೇನು ದನವೇನಮ್ಮ?’ ಅಂದುಬಿಟ್ಟರು.

ಹಾಸನದ ಸೂಪರ್ ಮಾರ್ಕೆಟ್‌ನಲ್ಲಿ ಸಲಾಡ್ ಡ್ರೆಸಿಂಗ್ ಬಾಟಲಿ ಕಣ್ಣಿಗೆ ಬಿದ್ದಿದ್ದು ಆಗಲೇ. ತಂದೆ. ಸುರಿದೆ. ತಟ್ಟೆ ಖಾಲಿ! ಒಂದು ತಿಂಗಳು ನನಗೆ ಹೆಮ್ಮೆಯೋ ಹೆಮ್ಮೆ. ಆಮೇಲೊಂದು ಮಧ್ಯಾಹ್ನ ಕೆಲಸ ಮುಗಿಸಿ ಕೂತವಳು ಬಾಟಲಿಯ ಹಿಂದಿನ ಸಣ್ಣ ಅಕ್ಷರ ಓದಿದೆ. ನೂರು ಗ್ರಾಂಗೆ ಸೋಡಿಯಂ ಸಾವಿರ ಮಿಲಿಗ್ರಾಂ ಹತ್ತಿರ ಇತ್ತು. ಸೋಡಿಯಂ ಅಂತ ಬರೆದಿರುವುದನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪಿನ ಲೆಕ್ಕ ಸಿಗುತ್ತೆ. ಅಂದರೆ ಎರಡೂವರೆ ಗ್ರಾಂ ಉಪ್ಪು! ಒಬ್ಬ ವಯಸ್ಕರಿಗೆ ಇಡೀ ದಿನಕ್ಕೆ 5 ಗ್ರಾಂಗಿಂತ ಕಮ್ಮಿ, ಅಂದರೆ ಒಂದು ಟೀ ಚಮಚದೊಳಗೆ ಇರಬೇಕು ಅನ್ನೋದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ನಮ್ಮನೆಯವರು ಎರಡು ಹೊತ್ತಿಗೆ ನೂರು ಗ್ರಾಂ ಆರಾಮಾಗಿ ಸುರಿದುಕೊಳ್ಳುತ್ತಿದ್ದರು. ಸಾರಿನಿಂದ ನಾನು ತೆಗೆದ ಉಪ್ಪೆಲ್ಲ ಸಲಾಡ್ ದಾರಿಯಿಂದ ವಾಪಸ್ ಬಂದಿತ್ತು ನೋಡಿ. ಎಲ್ಲ ಬಾಟಲಿಗಳೂ ಹೀಗೇ ಅಂತ ಹೇಳಲ್ಲ, ಆದರೆ ಓದದೆ ತರಬೇಡಿ. ಲೇಬಲ್ಲಿನಲ್ಲಿ ಯಾವುದು ತೂಕದಲ್ಲಿ ಹೆಚ್ಚಿದೆಯೋ ಅದರ ಹೆಸರು ಮೊದಲು ಇರುತ್ತೆ. ಎರಡನೆಯದೋ ಮೂರನೆಯದೋ ಹೆಸರು ಸಕ್ಕರೆ ಆಗಿದ್ದರೆ ನೀವೇ ಯೋಚಿಸಿ.

ಪೆಚ್ಚುಮೋರೆ ಹಾಕಿಕೊಂಡು ಕೂತಿದ್ದ ನನ್ನನ್ನು ನೋಡಿ ಅತ್ತೆ ಹೇಳಿದ್ದು ಒಂದೇ ಮಾತು. ‘ರಾಮನವಮಿಗೆ ಕೋಸಂಬರಿ ಮಾಡ್ತೀಯಲ್ಲ, ಅದಕ್ಕೇನು ಬಾಟಲಿ ತರ್ತೀಯಾ?’

ಹೌದಲ್ವಾ! ಹೊಳೆನರಸೀಪುರದ ಅತ್ತೆಮನೆಗೆ ಬಂದ ಮೊದಲ ವರ್ಷ ಪಾನಕ, ನೀರುಮಜ್ಜಿಗೆ ಜೊತೆ ಬೇಸಿನ್ ಗಟ್ಟಲೆ ಕೋಸಂಬರಿ ಕಲೆಸಿದ ಕೈ ಇದು. ನೆನೆಸಿದ ಹೆಸರುಬೇಳೆ, ಸೌತೆಕಾಯಿ, ಮೇಲೆ ನಿಂಬೆಹುಳಿ, ಎಣ್ಣೆ ಒಗ್ಗರಣೆ, ಹಸಿಮೆಣಸಿನಕಾಯಿ, ಉಪ್ಪು. ಇಂಗ್ಲಿಷಿನವರು ಡ್ರೆಸಿಂಗ್ ಅನ್ನೋದೂ ಇಷ್ಟನ್ನೇ. ಒಂದು ಹುಳಿ, ಒಂದು ಎಣ್ಣೆ, ಒಂದು ಖಾರ, ಒಂಚೂರು ಸಿಹಿ. ಅವರು ವಿನೆಗರ್ ಹಾಕ್ತಾರೆ, ನಾವು ನಿಂಬೆಹಣ್ಣು ಹಿಂಡ್ತೀವಿ.

ಈಗ ನಮ್ಮನೆಯಲ್ಲಿ ವಾರಕ್ಕೆರಡು ಸಲ ಮಾಡುವ ಡ್ರೆಸಿಂಗ್ ಹೇಳ್ತೀನಿ. ಅರ್ಧ ಟೀ ಚಮಚ ಸಾಸಿವೆಯನ್ನು ಕುಟ್ಟಾಣಿಯಲ್ಲಿ ತರಿತರಿಯಾಗಿ ಕುಟ್ಟಿ, ಒಂದು ಟೀ ಚಮಚ ತಣ್ಣೀರು ಹಾಕಿ ಹತ್ತು ನಿಮಿಷ ಬಿಡಿ. ಈ ಹತ್ತು ನಿಮಿಷ ಮಾತ್ರ ತಪ್ಪಿಸಬೇಡಿ. ಸಾಸಿವೆಯ ಖಾರ ಕಾಳಿನಲ್ಲಿ ಸಿದ್ಧವಾಗಿ ಕೂತಿರಲ್ಲ, ಕುಟ್ಟಿ ನೀರು ತಾಕಿದ ಮೇಲೇ ಹುಟ್ಟೋದು. ಮೊದಲೇ ನಿಂಬೆರಸ ಸುರಿದರೆ ಅಥವಾ ಬಿಸಿನೀರು ಹಾಕಿದರೆ ಆ ಖಾರ ಏಳೋದೇ ಇಲ್ಲ. ಸೌತೆಕಾಯಿ ಸಾಸಿವೆ ಮಾಡೋರಿಗೆ ಆ ಮೂಗಿಗೆ ಏರುವ ಘಾಟು ಗೊತ್ತಿರುತ್ತೆ, ಅದೇ ಬೇಕು ನಮಗೆ. ಉಪ್ಪು ಕಮ್ಮಿಯಾದಾಗ ನಾಲಿಗೆಗೆ ಸಮಾಧಾನ ಮಾಡೋದು ಹುಳಿ ಮತ್ತು ಈ ಘಾಟು.

ಹತ್ತು ನಿಮಿಷ ಆದ ಮೇಲೆ ಅದನ್ನು ಖಾಲಿ ಜಾಮ್ ಬಾಟಲಿಗೆ ಹಾಕಿ. ಎರಡು ಊಟದ ಚಮಚ ನಿಂಬೆರಸ, ನಾಲ್ಕು ಊಟದ ಚಮಚ ಎಣ್ಣೆ, ಅರ್ಧ ಟೀ ಚಮಚ ಬೆಲ್ಲದ ಪುಡಿ, ಕಾಲು ಟೀ ಚಮಚ ಕುಟ್ಟಿದ ಕಾಳುಮೆಣಸು, ಶುಂಠಿ ತುರಿದು ಹಿಂಡಿದ ರಸ ಅರ್ಧ ಟೀ ಚಮಚ. ಮುಚ್ಚಳ ಬಿಗಿ ಮಾಡಿ ಒಂದು ನಿಮಿಷ ಚೆನ್ನಾಗಿ ಅಲ್ಲಾಡಿಸಿ, ಮಕ್ಕಳ ಕೈಗೆ ಕೊಟ್ಟರೆ ಕುಣಿದಾಡಿಕೊಂಡು ಮಾಡ್ತಾರೆ! ಎಣ್ಣೆ ಮತ್ತು ರಸ ಎರಡೂ ಸೇರಿ ಮಂದವಾಗುತ್ತೆ, ಹಿಡಿದಿಡೋದು ಸಾಸಿವೆ ಸಿಪ್ಪೆಯ ಲೋಳೆ ಅಂಶ. ಸ್ವಲ್ಪ ಹೊತ್ತಿಗೆ ಬೇರೆಯಾದರೆ ಗಾಬರಿ ಬೇಡ, ಮತ್ತೆ ಅಲ್ಲಾಡಿಸಿ. ಫ್ರಿಜ್ಜಿನಲ್ಲಿ ಮೂರು ದಿನ ಚೆನ್ನಾಗಿರುತ್ತೆ, ಆಮೇಲೆ ನಿಂಬೆ ಕಹಿ ತಿರುಗುತ್ತೆ.

ಶುಂಠಿ ನಮಗೆ ಅರಕಲಗೂಡಿನಿಂದ ಬರುತ್ತೆ. ನಾದಿನಿಯನ್ನು ಕೊಟ್ಟಿರೋದು ಅಲ್ಲಿಗೆ. ಅವಳು ಬಂದಾಗಲೆಲ್ಲ ಬ್ಯಾಗಿನ ತಳದಲ್ಲಿ ಮಣ್ಣು ಮೆತ್ತಿದ ಹಸಿಶುಂಠಿ ಇದ್ದೇ ಇರುತ್ತೆ. ‘ಅತ್ತಿಗೆ, ಸಿಪ್ಪೆ ಹೆರೆಯೋಕೆ ಚಾಕು ಬೇಡ, ಚಮಚದ ಅಂಚು ಸಾಕು’ ಅಂತ ಹೇಳಿಕೊಟ್ಟವಳೂ ಅವಳೇ.

ಉಪ್ಪು ಎಲ್ಲಿ ಅಂತ ಕೇಳ್ತಿದ್ದೀರಾ? ಬಾಟಲಿಯಲ್ಲಿ ಉಪ್ಪಿಲ್ಲ! ಗುಟ್ಟಿರೋದು ಅಲ್ಲೇ. ಸೌತೆಕಾಯಿಗೆ ಉಪ್ಪು ಬೆರೆಸಿಟ್ಟರೆ ಹತ್ತು ನಿಮಿಷದಲ್ಲಿ ನೀರು ಬಿಟ್ಟು ತಟ್ಟೆಯೆಲ್ಲ ಕೊಚ್ಚೆ ಆಗುತ್ತೆ. ಹಾಕಿದ ಉಪ್ಪು ನೀರಿನ ಜೊತೆ ತಳಕ್ಕೆ ಇಳಿಯುತ್ತೆ. ಆಗ ತಿನ್ನೋರಿಗೆ ಸಪ್ಪೆ ಅನ್ನಿಸಿ ಮತ್ತೊಂದು ಚಿಟಿಕೆ ಕೇಳ್ತಾರೆ. ಅದಕ್ಕೇ ಮೊದಲು ಡ್ರೆಸಿಂಗ್ ಹಾಕಿ ಕಲೆಸಿ, ಹೋಳಿಗೆಲ್ಲ ಎಣ್ಣೆ ಹತ್ತಲಿ. ಎಲ್ಲರೂ ಊಟಕ್ಕೆ ಕೂತ ಮೇಲೆ, ಒಬ್ಬೊಬ್ಬರ ತಟ್ಟೆಗೆ ಬಡಿಸುವಾಗ ಮೇಲಿಂದ ಒಂದೇ ಚಿಟಿಕೆ ಪುಡಿಯುಪ್ಪು ಉದುರಿಸಿ. ಉಪ್ಪು ಮೇಲೇ ಇರೋದರಿಂದ ನಾಲಿಗೆಗೆ ನೇರ ತಗಲುತ್ತೆ, ಸ್ವಲ್ಪವೇ ಸಾಕಾಗುತ್ತೆ. ಬಿಪಿ ಇರುವವರಿಗೆ ಒಂದು, ಮಕ್ಕಳಿಗೆ ಇನ್ನೊಂದು ಅಂತ ಎರಡೆರಡು ಅಡುಗೆ ಮಾಡುವ ಕಷ್ಟವೂ ತಪ್ಪುತ್ತೆ.

ಅಂಗಡಿಯಲ್ಲಿ ‘ಕಡಿಮೆ ಸೋಡಿಯಂ ಉಪ್ಪು’ ಸಿಗುತ್ತಲ್ಲ, ಅದು ತರೋಣವಾ ಅಂತ ಗೆಳತಿಯೊಬ್ಬಳು ಕೇಳಿದಳು. ಅದರಲ್ಲಿ ಸೋಡಿಯಂ ಬದಲು ಪೊಟ್ಯಾಸಿಯಂ ಇರುತ್ತೆ. ಕಿಡ್ನಿ ತೊಂದರೆ ಇರುವವರಿಗೆ, ಕೆಲವು ಬಿಪಿ ಮಾತ್ರೆ ತಗೊಳ್ಳೋರಿಗೆ ಅದು ಅಪಾಯ ಮಾಡಬಹುದು. ಡಾಕ್ಟರನ್ನು ಕೇಳದೆ ತರಬೇಡಿ.

ಎಣ್ಣೆ ಯಾವುದು? ಆಲಿವ್ ಎಣ್ಣೆಯೇ ಬೇಕು ಅಂತೇನಿಲ್ಲ. ನಾನು ಬಳಸೋದು ಕಡಲೆಕಾಯಿ ಎಣ್ಣೆ, ಒಂದೊಂದು ಸಲ ಒಳ್ಳೆಣ್ಣೆ. ನನ್ನ ತವರು ಚನ್ನರಾಯಪಟ್ಟಣ, ತೆಂಗಿನ ಸೀಮೆ. ತವರಿನ ಅಭಿಮಾನಕ್ಕೆ ಕೊಬ್ಬರಿ ಎಣ್ಣೆ ಹಾಕಿ ನೋಡಿದೆ. ಫ್ರಿಜ್ಜಿನಲ್ಲಿಟ್ಟರೆ ಕಲ್ಲು! ಡಿಸೆಂಬರಿನ ಹಾಸನದ ಚಳಿಗೆ ಹೊರಗಿಟ್ಟರೂ ಗಟ್ಟಿ. ಅದು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟೋ ಎಣ್ಣೆ, ಏನು ಮಾಡೋಕಾಗುತ್ತೆ. ತವರಿನ ಕಾಯನ್ನು ಈಗ ತುರಿದು ಸಲಾಡ್ ಮೇಲೆ ಉದುರಿಸ್ತೀನಿ, ಅಮ್ಮನಿಗೂ ಸಮಾಧಾನ.

ಎಣ್ಣೆಯೇ ಬೇಡ ಅನ್ನೋರೂ ಇದ್ದಾರೆ. ಆದರೆ ಕ್ಯಾರೆಟ್ಟು, ಸೊಪ್ಪುಗಳಲ್ಲಿರುವ ಎ ಜೀವಸತ್ವದ ಅಂಶ ಮೈಗೆ ಹತ್ತೋಕೆ ಸ್ವಲ್ಪ ಜಿಡ್ಡು ಬೇಕೇ ಬೇಕು. ಹಾಗಂತ ಸುರಿಯೋದೂ ಬೇಡ. ಒಂದು ಊಟದ ಚಮಚ ಎಣ್ಣೆ ಸುಮಾರು 120 ಕ್ಯಾಲರಿ ಆಗುತ್ತೆ. ಒಬ್ಬರಿಗೆ ಎರಡು ಟೀ ಚಮಚ ಡ್ರೆಸಿಂಗ್ ಧಾರಾಳ. ನಿಂಬೆರಸದಿಂದ ಇನ್ನೊಂದು ಉಪಕಾರ ಇದೆ. ಕಾಳು, ಸೊಪ್ಪಿನಲ್ಲಿರುವ ಕಬ್ಬಿಣದ ಅಂಶವನ್ನು ದೇಹ ಹೀರಿಕೊಳ್ಳೋಕೆ ಅದರ ಸಿ ಜೀವಸತ್ವ ಸಹಾಯ ಮಾಡುತ್ತೆ. ರಕ್ತ ಕಮ್ಮಿ ಅಂತ ಹೇಳಿಸಿಕೊಂಡ ಹೆಣ್ಣುಮಕ್ಕಳು ಮನೆಯಲ್ಲಿದ್ದರೆ ಮೊಳಕೆಕಾಳಿನ ಮೇಲೂ ಇದನ್ನೇ ಹಾಕಿ.

ಮಕ್ಕಳಿಗೆ ಬೆಳ್ಳಗೆ ಕ್ರೀಮ್ ತರಹ ಇರಬೇಕು, ಅಂಗಡಿಯ ಮೆಯೊನೇಸ್ ಥರ. ಒಂದು ಬಟ್ಟಲು ಗಟ್ಟಿ ಮೊಸರನ್ನು ತೆಳು ಬಟ್ಟೆಯಲ್ಲಿ ಕಟ್ಟಿ ಒಂದು ಗಂಟೆ ಫ್ರಿಜ್ಜಿನಲ್ಲಿ ನೀರು ಬಸಿಯೋಕೆ ಬಿಡಿ. ಅದಕ್ಕೆ ಹುರಿದ ಜೀರಿಗೆ ಪುಡಿ, ಒಂದು ಟೀ ಚಮಚ ಎಣ್ಣೆ, ಕೊತ್ತಂಬರಿ ಸೊಪ್ಪು ಹಾಕಿ ಕಡೆದರೆ ಆಯ್ತು. ಅವತ್ತಿನದು ಅವತ್ತೇ ಮುಗಿಸಿ. ಹಸಿ ಮೊಟ್ಟೆಯ ಮೆಯೊನೇಸ್ ಮಾತ್ರ ಮನೆಯಲ್ಲಿ ಮಾಡೋಕೆ ಹೋಗಬೇಡಿ, ಅದರಿಂದ ಹೊಟ್ಟೆ ಕೆಡುವ ಕ್ರಿಮಿ ಸೇರುವ ಭಯ ಇದೆ. ತೆಲಂಗಾಣದಲ್ಲಿ 2024ರ ಅಕ್ಟೋಬರ್‌ನಲ್ಲಿ, ತಮಿಳುನಾಡಿನಲ್ಲಿ 2025ರ ಏಪ್ರಿಲ್‌ನಲ್ಲಿ ಅದನ್ನು ಒಂದು ವರ್ಷದ ಮಟ್ಟಿಗೆ ನಿಷೇಧಿಸಿದ್ದರು ಅಂದ್ರೆ ಯೋಚಿಸಿ. ಹಾಗೇ ಹಸಿ ಬೆಳ್ಳುಳ್ಳಿಯನ್ನು ಎಣ್ಣೆಯಲ್ಲಿ ಮುಳುಗಿಸಿ ದಿನಗಟ್ಟಲೆ ಹೊರಗಿಡೋದೂ ಬೇಡ, ಗಾಳಿ ಸೋಕದ ಕಡೆ ವಿಷ ಹುಟ್ಟಿಸೋ ಕ್ರಿಮಿ ಬೆಳೆಯುತ್ತೆ. ಬೆಳ್ಳುಳ್ಳಿ ರುಚಿ ಬೇಕಾದರೆ ತಿನ್ನೋ ಹೊತ್ತಿಗೆ ಜಜ್ಜಿ ಹಾಕಿ. ತರಕಾರಿಯನ್ನು ಹರಿಯೋ ನಲ್ಲಿ ನೀರಲ್ಲಿ ಕೈಯಿಂದ ಉಜ್ಜಿ ತೊಳೆಯಿರಿ. ತೊಳೆದ ಮೇಲೆ ನೀರು ಆರಬೇಕು, ಒದ್ದೆ ಹೋಳಿಗೆ ಎಣ್ಣೆ ಹಿಡಿಯಲ್ಲ.

ಬಾಟಲಿಯ ತಳದಲ್ಲಿ ಎರಡು ಚಮಚ ಉಳಿಯುತ್ತಲ್ಲ, ಅದನ್ನು ಚೆಲ್ಲಬೇಡಿ. ನಮ್ಮ ಹಾಸನದ ಆಲೂಗಡ್ಡೆ ಬೇಯಿಸಿ, ಸಿಪ್ಪೆ ತೆಗೆದು, ಬಿಸಿ ಇರುವಾಗಲೇ ಹೋಳು ಮಾಡಿ ಮೇಲೆ ಹಾಕಿ. ತಣ್ಣಗಾದ ಗಡ್ಡೆ ರಸ ಕುಡಿಯಲ್ಲ, ಬಿಸಿಯದು ಪೂರ್ತಿ ಕುಡಿಯುತ್ತೆ. ಮೇಲೊಂದು ಹಿಡಿ ಈರುಳ್ಳಿ, ಕೊತ್ತಂಬರಿ ಸೊಪ್ಪು. ಹಸೀದು ಮುಟ್ಟಲ್ಲ ಅಂತಿದ್ದ ನಮ್ಮತ್ತೆ ಇದನ್ನು ಮಾತ್ರ ಚಪಾತಿ ಜೊತೆ ಎರಡು ಸಲ ಹಾಕಿಸಿಕೊಳ್ತಾರೆ. ಉಪ್ಪಿನ ಡಬ್ಬಿಯನ್ನು ನಾನು ಆಗ ನನ್ನ ಪಕ್ಕದಲ್ಲೇ ಇಟ್ಟುಕೊಂಡಿರ್ತೀನಿ.