ಎತ್ತರಿಸಿದ ಜೀಪಿನ ಮುಂಭಾಗದ ನಡುಕ: ಬಿಡಿಭಾಗ ಬದಲಿಸುವ ಮುನ್ನ

ಕೊಡಗು, ಚಿಕ್ಕಮಗಳೂರು, ಸಕಲೇಶಪುರ ಭಾಗದ ತೋಟಗಾರರಿಗೆ ನಾಲ್ಕೂ ಚಕ್ರಗಳಿಗೆ ಚಾಲನಾಶಕ್ತಿ ಇರುವ ಜೀಪು ಎಂದೂ ವಿಲಾಸದ ವಸ್ತುವಾಗಿರಲಿಲ್ಲ. ಮಳೆಗಾಲದಲ್ಲಿ ಗೊಬ್ಬರದ ಚೀಲಗಳನ್ನೂ ಕೆಲಸಗಾರರನ್ನೂ ತೋಟದ ತುದಿಗೆ ಮುಟ್ಟಿಸಲು ಅದರ ಹೊರತು ಅನ್ಯ ಮಾರ್ಗವಿಲ್ಲ. ಇವರ ಜೊತೆಗೆ ಈಚಿನ ವರ್ಷಗಳಲ್ಲಿ ನಗರದ ಹವ್ಯಾಸಿ ಗ್ರಾಹಕರೂ ಸೇರಿಕೊಂಡಿದ್ದಾರೆ. ವಾಹನವನ್ನು ಒಂದೆರಡು ಅಂಗುಲ ಎತ್ತರಿಸಿ, ದೊಡ್ಡ ಟೈರು ತೊಡಿಸುವ ಕೆಲಸ ಇದರಿಂದಾಗಿ ಒಂದು ವಹಿವಾಟಾಗಿ ಬೆಳೆದಿದೆ. ಇದಕ್ಕೆ ಬೇಕಾಗುವ ಸ್ಪೇಸರ್, ಉದ್ದನೆಯ ಶ್ಯಾಕಲ್, ಬುಷ್, ಬ್ರಾಕೆಟ್ ಮೊದಲಾದವು ಒಂದೆರಡು ಲೇಥ್ ಇರುವ ಸಣ್ಣ ಘಟಕದಲ್ಲಿಯೂ ತಯಾರಾಗಬಲ್ಲ ವಸ್ತುಗಳು.

ಆದರೆ ಕಿಟ್ ಮಾರಿದ ವರ್ತಕನ ಅಂಗಡಿಗೆ ಕೆಲವೇ ದಿನಗಳಲ್ಲಿ ಅದೇ ಗ್ರಾಹಕ ದೂರು ಹೊತ್ತು ಮರಳಿ ಬರುವುದು ಈ ವ್ಯಾಪಾರದ ಕಹಿ ಅನುಭವ. "ಅರವತ್ತು ದಾಟಿದರೆ ಸ್ಟಿಯರಿಂಗ್ ನಡುಗುತ್ತದೆ" ಎಂಬುದು ಆ ದೂರು. ಅಲ್ಲಿಂದ ಮುಂದೆ ನಡೆಯುವುದು ಬಹುತೇಕ ಊಹೆಯ ವ್ಯವಹಾರ. ಮೊದಲು ಬ್ಯಾಲೆನ್ಸಿಂಗ್, ಬಳಿಕ ಟೈ ರಾಡ್ ಎಂಡ್, ತರುವಾಯ ಸ್ಟಿಯರಿಂಗ್ ಡ್ಯಾಂಪರ್ ಎಂದು ಒಂದೊಂದಾಗಿ ಭಾಗಗಳು ಬದಲಾಗುತ್ತವೆ. ಹಣ ಗ್ರಾಹಕನದೋ ವರ್ತಕನದೋ, ಯಾರದಾದರೊಬ್ಬರದು ಹೋಗುತ್ತದೆ, ನಡುಕ ಹೋಗುವುದಿಲ್ಲ. ಸರಿಯಾದ ಕ್ರಮದಲ್ಲಿ ಪರಿಶೀಲಿಸಿದರೆ ಬಹುಪಾಲು ಸಂದರ್ಭಗಳಲ್ಲಿ ಅರ್ಧ ದಿನದೊಳಗೆ ಮೂಲಕಾರಣವನ್ನು ಗುರುತಿಸಲು ಸಾಧ್ಯವಿದೆ.

ಎಲ್ಲ ನಡುಕವೂ ಒಂದೇ ಅಲ್ಲ

ನಡುಕ ಯಾವ ವೇಗದಲ್ಲಿ, ಯಾವ ಸಂದರ್ಭದಲ್ಲಿ ಬರುತ್ತದೆ, ಎಲ್ಲಿ ಅನುಭವಕ್ಕೆ ಬರುತ್ತದೆ ಎಂಬುದನ್ನು ಗ್ರಾಹಕನಿಂದ ಕೇಳಿ ಬರೆದುಕೊಳ್ಳುವುದು ಮೊದಲ ಕೆಲಸ. ಬ್ರೇಕ್ ಒತ್ತಿದಾಗ ಮಾತ್ರ ಬರುವ ನಡುಕಕ್ಕೆ ಡಿಸ್ಕ್ ಅಥವಾ ಡ್ರಮ್ ಕಾರಣವಾಗಿರುವ ಸಂಭವ ಹೆಚ್ಚು. ನಿಂತ ವಾಹನದಲ್ಲಿ ಎಂಜಿನ್ ವೇಗ ಏರಿಸಿದಾಗಲೂ ನಡುಕ ಬಂದರೆ ಮುಂಭಾಗದ ಚಕ್ರವ್ಯವಸ್ಥೆಯನ್ನು ದೂರುವುದರಲ್ಲಿ ಅರ್ಥವಿಲ್ಲ. ಎಂಜಿನ್ ಮೌಂಟಿಂಗನ್ನು ನೋಡಬೇಕು.

ಉಳಿಯುವುದು ಮೂರು ಬಗೆ. ಒಂದು ನಿರ್ದಿಷ್ಟ ವೇಗದಲ್ಲಿ ಸ್ಟಿಯರಿಂಗ್ ಚಕ್ರದಲ್ಲಿ ಕಾಣಿಸಿಕೊಂಡು, ವೇಗ ಇನ್ನಷ್ಟು ಏರಿದಾಗ ಕಡಿಮೆಯಾಗುವುದು ಟೈರು ಮತ್ತು ರಿಮ್ಮಿನ ನಡುಕ. ಕಾಲಡಿಯ ನೆಲದಲ್ಲಿ ಗುಂಯ್‌ಗುಡುವಂತೆ ಬಂದು, ಆಕ್ಸಿಲರೇಟರ್ ಒತ್ತಿದಾಗ ಒಂದು ರೀತಿ, ಬಿಟ್ಟಾಗ ಮತ್ತೊಂದು ರೀತಿ ಕೇಳಿಸುವುದು ಪ್ರೊಪೆಲ್ಲರ್ ಶಾಫ್ಟಿನ ನಡುಕ. ಮೂರನೆಯದು ಇವೆರಡಕ್ಕಿಂತ ಭೀಕರವಾದುದು. ರಸ್ತೆಯ ಸಣ್ಣ ಗುಂಡಿಯನ್ನೋ ಸೇತುವೆಯ ಜೋಡಣೆಯನ್ನೋ ಹಾಯ್ದೊಡನೆ ಎರಡೂ ಮುಂಚಕ್ರಗಳು ಎಡಬಲಕ್ಕೆ ರಭಸವಾಗಿ ಹೊಯ್ದಾಡತೊಡಗುತ್ತವೆ. ವೇಗವನ್ನು ಬಹಳಷ್ಟು ಇಳಿಸುವವರೆಗೂ ಈ ಹೊಯ್ದಾಟ ನಿಲ್ಲುವುದಿಲ್ಲ. ಗ್ಯಾರೇಜಿನ ಭಾಷೆಯಲ್ಲಿ ವಾಬಲಿಂಗ್ ಎನ್ನುವ ಇದು ಮುಖ್ಯವಾಗಿ ಒಂದೇ ಗಟ್ಟಿ ಮುಂದಿನ ಆಕ್ಸಲ್ ಇರುವ ವಾಹನಗಳ ರೋಗ. ಹಳೆಯ ಮಹೀಂದ್ರ ಜೀಪುಗಳು, 1985ರಿಂದ ಮೂರು ದಶಕಗಳಿಗೂ ಮಿಗಿಲಾಗಿ ತಯಾರಾದ ಮಾರುತಿ ಜಿಪ್ಸಿ, 2023ರಲ್ಲಿ ನಮ್ಮ ಮಾರುಕಟ್ಟೆಗೆ ಬಂದ ಐದು ಬಾಗಿಲಿನ ಜಿಮ್ನಿ, ಇವೆಲ್ಲವೂ ಆ ಗುಂಪಿಗೆ ಸೇರಿದವು.

ಅನುಮಾನವಿದ್ದಲ್ಲಿ ಒಂದು ಸರಳ ಲೆಕ್ಕ ನೆರವಾಗುತ್ತದೆ. 195/80 ಆರ್ 15 ಅಳತೆಯ ಟೈರಿನ ವ್ಯಾಸ ಸುಮಾರು 693 ಮಿ.ಮೀ., ಸುತ್ತಳತೆ ಸುಮಾರು 2.18 ಮೀಟರ್. ಗಂಟೆಗೆ 72 ಕಿ.ಮೀ. ಎಂದರೆ ಸೆಕೆಂಡಿಗೆ 20 ಮೀಟರ್. ಆ ವೇಗದಲ್ಲಿ ಚಕ್ರ ಸೆಕೆಂಡಿಗೆ ಸುಮಾರು 9 ಸುತ್ತು ತಿರುಗುತ್ತದೆ. ಆಕ್ಸಲಿನ ಗೇರ್ ಅನುಪಾತ 4:1 ಎಂದಿಟ್ಟುಕೊಂಡರೆ ಪ್ರೊಪೆಲ್ಲರ್ ಶಾಫ್ಟ್ ಸುಮಾರು 37 ಸುತ್ತು ತಿರುಗುತ್ತದೆ. ಅದರ ತುದಿಯ ಕ್ರಾಸ್ ಪ್ರತಿ ಸುತ್ತಿಗೆ ಎರಡು ಬಾರಿ ಮಿಡಿಯುವುದರಿಂದ ಅಲ್ಲಿಂದ ಹೊರಡುವ ಕಂಪನ ಸೆಕೆಂಡಿಗೆ ಸುಮಾರು 73. ಒಂಬತ್ತರ ಕಂಪನ ಕೈಗೆ ಕುಲುಕಾಟವಾಗಿ ತಿಳಿಯುತ್ತದೆ. ಎಪ್ಪತ್ಮೂರರದು ಝೇಂಕಾರವಾಗಿ ಕೇಳಿಸುತ್ತದೆ. ಇಷ್ಟು ತಿಳಿದ ಮೆಕ್ಯಾನಿಕ್ ಕುಲುಕಾಟದ ದೂರಿಗೆ ಕ್ರಾಸ್ ಬದಲಿಸುವ ಗೋಜಿಗೆ ಹೋಗಲಾರ.

ಅಗ್ಗದ ಪರೀಕ್ಷೆ ಮೊದಲು

ಮಲೆನಾಡಿನ ವಾಹನವಾದರೆ ಬೇರೆಲ್ಲಕ್ಕೂ ಮೊದಲು ರಿಮ್ಮಿನ ಒಳಬದಿಯನ್ನು ತೊಳೆಯಬೇಕು. ಅಲ್ಲಿ ಒಣಗಿ ಕುಳಿತ ಕೆಸರು ಬ್ಯಾಲೆನ್ಸಿಂಗ್ ತೂಕದ ಲೆಕ್ಕವನ್ನೆಲ್ಲ ತಲೆಕೆಳಗು ಮಾಡಿಬಿಡುತ್ತದೆ. ನೀರಿನ ಖರ್ಚಿನಲ್ಲಿ ವಾಸಿಯಾಗುವ ರೋಗಕ್ಕೆ ಸಾವಿರಾರು ರೂಪಾಯಿಯ ಔಷಧ ಮಾಡುವುದು ಯಾವ ನ್ಯಾಯ? ಅನಂತರ ಗಾಳಿಯ ಒತ್ತಡ ನೋಡಿ, ಮುಂದಿನ ಮತ್ತು ಹಿಂದಿನ ಚಕ್ರಗಳನ್ನು ಅದಲುಬದಲು ಮಾಡಿ ಓಡಿಸಬೇಕು. ನಡುಕ ಸ್ಟಿಯರಿಂಗಿನಿಂದ ಆಸನದ ಕಡೆಗೆ ಸರಿದರೆ ತಪ್ಪು ಚಕ್ರದಲ್ಲಿದೆ ಎಂದು ತೀರ್ಮಾನಿಸಬಹುದು. ದೊಡ್ಡ ಗುಬ್ಬಿಗಳ ಕೆಸರು ಟೈರು ಬ್ಯಾಲೆನ್ಸಿಂಗ್ ಯಂತ್ರದಲ್ಲಿ ಸರಿ ಎನಿಸಿಕೊಂಡರೂ ಸಂಪೂರ್ಣ ದುಂಡಗಿರದೆ ಇರಬಹುದು. ಚಕ್ರವನ್ನು ಎತ್ತಿ ತಿರುಗಿಸಿ, ಡಯಲ್ ಗೇಜಿನಿಂದ ಅದರ ಏರಿಳಿತವನ್ನು ಅಳೆಯುವುದೇ ಇದಕ್ಕೆ ಉಪಾಯ. ವೀಲ್ ಸ್ಪೇಸರ್ ತಯಾರಿಸುವ ನಮ್ಮ ಘಟಕಗಳು ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. ನಡುವಿನ ರಂಧ್ರ ಹಬ್ಬಿನ ಮೇಲೆ ಬಿಗಿಯಾಗಿ ಕೂರದೆ ಚಕ್ರ ಬರಿಯ ಬೋಲ್ಟುಗಳ ಆಧಾರದಲ್ಲಿ ನಿಂತರೆ, ಅದು ಕೇಂದ್ರ ತಪ್ಪುವ ಸಂಭವ ಹೆಚ್ಚು. ಲೋಹ ಎಷ್ಟೇ ಉತ್ತಮವಾಗಿದ್ದರೂ ಆ ಸ್ಪೇಸರ್ ನಡುಕವನ್ನು ಮಾರಿದಂತೆಯೇ ಸರಿ.

ಝೇಂಕಾರದ ದೂರಾದರೆ ಪರೀಕ್ಷೆ ಇನ್ನೂ ಸುಲಭ. ಮುಂದಿನ ಹಬ್ಬುಗಳನ್ನು ಬಿಡಿಸಿ ಹಿಂದಿನ ಚಕ್ರಗಳ ಚಾಲನೆಯಲ್ಲಿ ಮಾತ್ರ ಓಡಿಸಿದರೆ ಮುಂದಿನ ಪ್ರೊಪೆಲ್ಲರ್ ಶಾಫ್ಟ್ ತಿರುಗುವುದಿಲ್ಲ. ಆಗ ಶಬ್ದ ನಿಂತರೆ ಶಾಫ್ಟಿನ ಕಡೆಗೆ, ನಿಲ್ಲದಿದ್ದರೆ ಬೇರೆಡೆಗೆ ಗಮನ ಹರಿಸಬೇಕು. ಹಬ್ ಬಿಡಿಸುವ ಅನುಕೂಲವಿಲ್ಲದ ವಾಹನದಲ್ಲಿ, ಬೇಕೆಂದಾಗ ಮಾತ್ರ ಮುಂದಿನ ಚಾಲನೆ ಜೋಡಿಸುವ ಬಗೆಯದಾಗಿದ್ದರೆ, ಆ ಶಾಫ್ಟನ್ನೇ ಕಳಚಿಟ್ಟು ಪರೀಕ್ಷಿಸಬಹುದು.

ಹೊಯ್ದಾಟದ ದೂರಿಗೆ ಇಬ್ಬರು ಬೇಕು. ವಾಹನ ನೆಲದ ಮೇಲೆಯೇ ಇರಲಿ, ಎಂಜಿನ್ ಚಾಲೂ ಇರಲಿ. ಒಬ್ಬರು ಸ್ಟಿಯರಿಂಗನ್ನು ಎಡಬಲಕ್ಕೆ ಸ್ವಲ್ಪ ಸ್ವಲ್ಪವೇ ಆಡಿಸುತ್ತಿರುವಾಗ ಇನ್ನೊಬ್ಬರು ಕೆಳಗಿನಿಂದ ಪ್ರತಿಯೊಂದು ಜೋಡಣೆಯ ಮೇಲೂ ಬೆರಳಿಟ್ಟು ನೋಡಬೇಕು. ಟೈ ರಾಡ್ ಎಂಡ್, ಸ್ಟಿಯರಿಂಗ್ ಬಾಕ್ಸಿನ ಬೋಲ್ಟುಗಳು, ಆಕ್ಸಲನ್ನು ಅಡ್ಡಲಾಗಿ ಹಿಡಿದಿಡುವ ಲ್ಯಾಟರಲ್ ರಾಡ್, ಯಾವುದೂ ಕಣ್ತಪ್ಪಬಾರದು. ಲ್ಯಾಟರಲ್ ರಾಡಿನ ಬೋಲ್ಟ್ ರಂಧ್ರ ಒಂದೇ ಮಿ.ಮೀ. ಸವೆದು ಅಂಡಾಕಾರವಾಗಿದ್ದರೂ ಹೊಯ್ದಾಟಕ್ಕೆ ಅಷ್ಟು ಸಾಕು. ಜಿಪ್ಸಿ, ಜಿಮ್ನಿ ಹಾಗೂ ಹಳೆಯ ಜೀಪುಗಳಲ್ಲಿ ಕಿಂಗ್ ಪಿನ್ ಬೇರಿಂಗುಗಳನ್ನು ಪ್ರತ್ಯೇಕವಾಗಿ ಪರೀಕ್ಷಿಸಬೇಕು. ಟೈ ರಾಡ್ ಕಳಚಿ, ಅದರ ತೋಳಿಗೆ ತೂಕದ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ ಎಳೆದು, ತಿರುಗಿಸಲು ಎಷ್ಟು ಬಲ ಬೇಕೆಂದು ಅಳೆದು, ವಾಹನದ ಕೈಪಿಡಿಯ ಅಂಕಿಯೊಂದಿಗೆ ಹೋಲಿಸುವುದು ಕ್ರಮ. ಬಲ ಕಡಿಮೆ ಬಂದರೆ ಬೇರಿಂಗ್ ಸವೆದಿದೆ, ಇಲ್ಲವೇ ಅದರ ಬಿಗಿ ಸಾಲದಾಗಿದೆ ಎಂದರ್ಥ. ಸಂತೆಯಲ್ಲಿ ಸಿಗುವ ತಕ್ಕಡಿಯಲ್ಲಿ ಆಗುವ ಪರೀಕ್ಷೆಯಿದು. ಆದರೂ ಇದನ್ನು ಮಾಡುವವರು ವಿರಳ.

ಎತ್ತರಕ್ಕೆ ತೆರುವ ಬೆಲೆ

ಇವೆಲ್ಲವೂ ಸರಿಯಿದ್ದು ನಡುಕ ಉಳಿದರೆ ಆಗ ಕೋನಗಳನ್ನು ಅಳೆಯಬೇಕು. ಸವೆದ ಜೋಡಣೆಗಳನ್ನು ಇಟ್ಟುಕೊಂಡು ವೀಲ್ ಅಲೈನ್‌ಮೆಂಟ್ ಮಾಡಿಸುವುದು ಹಣದ ಅಪವ್ಯಯ.

ಚಕ್ರ ತಿರುಗುವ ಅಕ್ಷದ ಮೇಲ್ತುದಿ ಸ್ವಲ್ಪ ಹಿಂದಕ್ಕೆ ಬಾಗಿರಬೇಕು. ಇದೇ ಕ್ಯಾಸ್ಟರ್ ಕೋನ. ಸ್ಟಿಯರಿಂಗ್ ತಾನಾಗಿ ನೇರಕ್ಕೆ ಮರಳುವುದು ಇದರಿಂದಲೇ. ಸುರುಳಿ ಸ್ಪ್ರಿಂಗಿನ ಗಟ್ಟಿ ಆಕ್ಸಲನ್ನು ಹಿಂದಿನಿಂದ ಬರುವ ಎರಡು ತೋಳುಗಳು ಹಿಡಿದಿರುತ್ತವೆ ಎಂದುಕೊಳ್ಳೋಣ. ತೋಳಿನ ಉದ್ದ 700 ಮಿ.ಮೀ. ಇದ್ದು ವಾಹನವನ್ನು 50 ಮಿ.ಮೀ. ಎತ್ತರಿಸಿದರೆ ತೋಳು ಸುಮಾರು 4 ಡಿಗ್ರಿ ಕೆಳಬಾಗುತ್ತದೆ, ಅದರೊಂದಿಗೆ ಆಕ್ಸಲ್ ಸಹ ಅಷ್ಟೇ ತಿರುಗುತ್ತದೆ, ಕ್ಯಾಸ್ಟರಿನಲ್ಲಿ ಅಷ್ಟೂ ನಷ್ಟವಾಗುತ್ತದೆ. ಮೊದಲೇ ಕೆಲವೇ ಡಿಗ್ರಿ ಇದ್ದ ಕಡೆ ನಾಲ್ಕು ಹೋದರೆ ಉಳಿಯುವುದೇನು? ಪಟ್ಟಿ ಸ್ಪ್ರಿಂಗಿನ ಜೀಪಿನಲ್ಲಿಯೂ ಶ್ಯಾಕಲ್ ಮುಂತುದಿಯಲ್ಲಿದ್ದರೆ, ಅದನ್ನು ಉದ್ದ ಮಾಡಿದಾಗ ಇದೇ ಪರಿಣಾಮ.

ಕಳೆದುಹೋದ ಕ್ಯಾಸ್ಟರನ್ನು ಕೇಂದ್ರ ತಪ್ಪಿಸಿದ ಬುಷ್ ಹಾಕಿಯೋ, ಸ್ಪ್ರಿಂಗ್ ಮತ್ತು ಆಕ್ಸಲ್ ನಡುವೆ ಬೆಣೆಯಿಟ್ಟೋ ಮರಳಿ ತರಬಹುದು. ಆದರೆ ಇಲ್ಲೊಂದು ತೊಡಕಿದೆ. ಆಕ್ಸಲನ್ನು ಹಿಂದಕ್ಕೆ ತಿರುಗಿಸಿದಷ್ಟೂ ಪ್ರೊಪೆಲ್ಲರ್ ಶಾಫ್ಟ್ ಬಂದು ಸೇರುವ ಪಿನಿಯನ್ ಕೆಳಮುಖವಾಗುತ್ತದೆ, ಕ್ರಾಸಿನ ಕೋನ ಹೆಚ್ಚುತ್ತದೆ. 10 ಡಿಗ್ರಿ ಕೋನದಲ್ಲಿ ಕ್ರಾಸ್ ತನ್ನ ವೇಗದಲ್ಲಿ ಶೇಕಡಾ ಒಂದೂವರೆಯಷ್ಟು ಮಾತ್ರ ಏರಿಳಿತ ತೋರಿಸುತ್ತದೆ. 20 ಡಿಗ್ರಿಯಲ್ಲಿ ಅದು ಶೇಕಡಾ 6. ಕೋನ ಇಮ್ಮಡಿಯಾದರೆ ಏರಿಳಿತ ನಾಲ್ಮಡಿ ಎನ್ನಬಹುದು. ಎರಡೂ ತುದಿಯ ಕ್ರಾಸ್‌ಗಳ ಕೋನ ಸಮವಾಗಿದ್ದು ಯೋಕ್‌ಗಳು ಒಂದೇ ನೇರದಲ್ಲಿದ್ದರೆ ಒಂದರ ಏರಿಳಿತವನ್ನು ಇನ್ನೊಂದು ಕಳೆಯುತ್ತದೆ. ಸಮವಿಲ್ಲದಾಗ ನಡುಕ ಆಕ್ಸಲಿಗೆ ತಲುಪುತ್ತದೆ. ಆದ್ದರಿಂದ ಹೊಯ್ದಾಟ ನಿಲ್ಲಿಸಲು ಹೋಗಿ ಝೇಂಕಾರ ತಂದುಕೊಂಡರೆ ಆಶ್ಚರ್ಯವಿಲ್ಲ. ಎರಡಕ್ಕೂ ಒಪ್ಪುವ ಮಧ್ಯದ ಕೋನವನ್ನು ಕಂಡುಕೊಳ್ಳುವುದೇ ಕಿಟ್ ವಿನ್ಯಾಸಕನ ನಿಜವಾದ ಕೆಲಸ. ಉಳಿದದ್ದೆಲ್ಲ ಕಬ್ಬಿಣ ಕತ್ತರಿಸುವ ಕೆಲಸ.

ಲ್ಯಾಟರಲ್ ರಾಡ್ ವಿಷಯವೂ ಹೀಗೆಯೇ. ಅದರ ಉದ್ದ ಬದಲಾಗದು. ವಾಹನ ಮೇಲೇರಿದಾಗ ಅದರ ಇಳಿಜಾರು ಹೆಚ್ಚಿ, ಆಕ್ಸಲ್ ಒಂದು ಪಕ್ಕಕ್ಕೆ ಸರಿಯುತ್ತದೆ. 800 ಮಿ.ಮೀ. ಉದ್ದದ ರಾಡಿನ ಎರಡು ತುದಿಗಳ ಎತ್ತರದಲ್ಲಿ ಮೊದಲೇ 100 ಮಿ.ಮೀ. ವ್ಯತ್ಯಾಸವಿದ್ದಲ್ಲಿ, ಇನ್ನೂ 50 ಮಿ.ಮೀ. ಎತ್ತರಿಸಿದಾಗ ಆಕ್ಸಲ್ ಸುಮಾರು 8 ಮಿ.ಮೀ. ಸರಿಯುತ್ತದೆ. ಇದಕ್ಕೆ ಉದ್ದ ಹೊಂದಿಸಬಲ್ಲ ರಾಡ್ ಪರಿಹಾರ. ಆದರೆ ಬ್ರಾಕೆಟ್ ಬದಲಿಸಿ ರಾಡಿನ ಇಳಿಜಾರನ್ನು ಮಾತ್ರ ತಗ್ಗಿಸಿ, ಪಕ್ಕದ ಡ್ರ್ಯಾಗ್ ಲಿಂಕನ್ನು ಹಾಗೆಯೇ ಬಿಟ್ಟರೆ ಅವೆರಡೂ ಸಮಾನಾಂತರ ತಪ್ಪುತ್ತವೆ. ಪ್ರತಿ ಗುಂಡಿಗೂ ವಾಹನ ತಾನೇ ಪಕ್ಕಕ್ಕೆ ತಿರುಗತೊಡಗುತ್ತದೆ. ಹೊಸ ರಬ್ಬರ್ ಬುಷ್ಷುಗಳ ಬೋಲ್ಟನ್ನು ವಾಹನ ತನ್ನ ಭಾರದಲ್ಲಿ ನೆಲದ ಮೇಲೆ ನಿಂತಾಗಲೇ ಕೊನೆಯ ಬಿಗಿ ಮಾಡಬೇಕು. ಗಾಳಿಯಲ್ಲಿ ತೂಗಾಡುವಾಗ ಬಿಗಿದ ಬುಷ್ ತಿರುಚಿಕೊಂಡೇ ಇದ್ದು ಬೇಗನೆ ಹರಿಯುತ್ತದೆ.

ಸ್ಟಿಯರಿಂಗ್ ಡ್ಯಾಂಪರ್ ಬಗ್ಗೆ ಒಂದು ಮಾತು ಹೇಳಲೇಬೇಕು. ವರ್ತಕರಿಗೆ ಇದು ಸುಲಭದ ಮಾರಾಟ. ಹೊಸದು ಹಾಕಿದೊಡನೆ ನಡುಕ ಅಡಗಿದಂತೆ ತೋರುವುದರಿಂದ ಗ್ರಾಹಕನೂ ಸಂತುಷ್ಟ. ವಾಸ್ತವದಲ್ಲಿ ಅದು ಜ್ವರದ ಮಾತ್ರೆಯಷ್ಟೆ. ಒಳಗಿನ ಸವೆತ ಮುಂದುವರಿದು, ಡ್ಯಾಂಪರ್ ಸೋತ ದಿನ ಹೊಯ್ದಾಟ ಮರಳುತ್ತದೆ, ಅದೂ ಹೆದ್ದಾರಿಯಲ್ಲಿ ಕುಟುಂಬ ಸಮೇತ ಹೋಗುತ್ತಿರುವಾಗ ಮರಳಬಹುದು. ಕಾರಣ ಸರಿಪಡಿಸಿದ ಮೇಲೆ ಡ್ಯಾಂಪರ್ ಮಾರುವುದಕ್ಕೆ ಯಾರ ಆಕ್ಷೇಪಣೆಯೂ ಇರದು.

ಥಾರ್ ಮಾಲೀಕರ ಪ್ರಶ್ನೆ ಬೇರೆ. 2020ರಲ್ಲಿ ಬಂದ ಥಾರಿನ ಮುಂದಿನ ಚಕ್ರಗಳು ಸ್ವತಂತ್ರವಾಗಿ ಚಲಿಸುವಂಥವು. ಗಟ್ಟಿ ಆಕ್ಸಲಿನ ಹೊಯ್ದಾಟ ಅಲ್ಲಿ ಬರುವುದಿಲ್ಲ. ಆದರೆ ಸ್ಪೇಸರ್ ಇಟ್ಟು ಎತ್ತರಿಸಿದಾಗ ಪಕ್ಕದ ಅರ್ಧ ಶಾಫ್ಟುಗಳ ಸಿ.ವಿ. ಜಾಯಿಂಟಿನ ಕೋನ ಹೆಚ್ಚಿ, ಎಳೆತದ ಸಮಯದಲ್ಲಿ ನಡುಕ ಬರಬಹುದು, ಅದರ ರಬ್ಬರ್ ಹೊದಿಕೆ ಬೇಗ ಹರಿಯಬಹುದು.

ಕಾನೂನಿನ ಕಡೆ

ತಯಾರಕರು ಮತ್ತು ವರ್ತಕರು ಮರೆಯಬಾರದ ಇನ್ನೊಂದು ಮಗ್ಗುಲಿದೆ. ಮೋಟಾರು ವಾಹನ ಕಾಯಿದೆಯ 52ನೆಯ ಪ್ರಕರಣದ ಮೇರೆಗೆ, ನೋಂದಣಿ ಪತ್ರದ ವಿವರಗಳು ಮೂಲ ತಯಾರಕರು ನಮೂದಿಸಿದ್ದಕ್ಕಿಂತ ಭಿನ್ನವಾಗುವಂತೆ ಮಾಲೀಕನು ವಾಹನವನ್ನು ಮಾರ್ಪಡಿಸುವಂತಿಲ್ಲ. ಸರ್ವೋಚ್ಚ ನ್ಯಾಯಾಲಯ 2019ರ ಜನವರಿಯಲ್ಲಿ ಇದನ್ನು ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಿಂದ ಬದಲಾದ 182ಎ ಪ್ರಕರಣದಂತೆ, ಅನುಮತಿಯಿಲ್ಲದ ಮಾರ್ಪಾಟಿಗೆ ಮಾಲೀಕನಿಗೆ ಆರು ತಿಂಗಳವರೆಗೆ ಸೆರೆವಾಸ ಅಥವಾ ಪ್ರತಿ ಮಾರ್ಪಾಟಿಗೆ 5,000 ರೂಪಾಯಿ ದಂಡ, ಇಲ್ಲವೇ ಎರಡನ್ನೂ ವಿಧಿಸಬಹುದು. ಸುರಕ್ಷತೆಯ ದೃಷ್ಟಿಯಿಂದ ನಿರ್ಣಾಯಕವೆಂದು ಕೇಂದ್ರ ಸರ್ಕಾರ ಅಧಿಸೂಚಿಸಿದ ಬಿಡಿಭಾಗವನ್ನು ನಿಯಮಕ್ಕೆ ವಿರುದ್ಧವಾಗಿ ಮಾರಿದವರಿಗೆ ದಂಡ ಪ್ರತಿ ಭಾಗಕ್ಕೆ ಒಂದು ಲಕ್ಷ ರೂಪಾಯಿ; ಒಂದು ವರ್ಷದವರೆಗೆ ಸೆರೆವಾಸವೂ ಆಗಬಹುದು. ಖಾಸಗಿ ತೋಟದೊಳಗೆ ಮಾತ್ರ ಓಡಿಸುವುದಾಗಿ ಗ್ರಾಹಕ ಹೇಳಿದರೂ ಅವನ ವಾಹನ ಗ್ಯಾರೇಜಿನಿಂದ ತೋಟಕ್ಕೆ ಹೋಗುವುದು ಸಾರ್ವಜನಿಕ ರಸ್ತೆಯ ಮೇಲೆಯೇ.

ಇದಲ್ಲದೆ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ 6ನೆಯ ಅಧ್ಯಾಯ ಉತ್ಪನ್ನ ಹೊಣೆಗಾರಿಕೆಯನ್ನು ನಿಗದಿಪಡಿಸುತ್ತದೆ. ವಿನ್ಯಾಸದ ದೋಷಕ್ಕೆ ಮಾತ್ರವಲ್ಲ, ಸರಿಯಾದ ಬಳಕೆಯ ಸೂಚನೆ ಅಥವಾ ಎಚ್ಚರಿಕೆಯನ್ನು ನೀಡದೆ ಇದ್ದುದಕ್ಕೂ ತಯಾರಕ ಹೊಣೆಯಾಗುತ್ತಾನೆ. ಬರಿಯ ಎರಡು ಸ್ಪೇಸರುಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಮಾರುವ ಘಟಕ ಈ ಅಂಶವನ್ನು ವಿಶೇಷವಾಗಿ ಪರಿಗಣಿಸಬೇಕಾಗಿದೆ.

ಕಿಟ್ಟಿನೊಂದಿಗೆ ಕನ್ನಡದಲ್ಲಿ ಒಂದು ಹಾಳೆ ಮುದ್ರಿಸಿ ಇಡುವುದು ದೊಡ್ಡ ಖರ್ಚಿನ ಮಾತಲ್ಲ. ಯಾವ ಮಾದರಿಯ ವಾಹನಕ್ಕೆ, ಎಷ್ಟು ಮಿ.ಮೀ. ಎತ್ತರ, ಅದರಿಂದ ಕ್ಯಾಸ್ಟರ್ ಎಷ್ಟು ಡಿಗ್ರಿ ಕುಗ್ಗುತ್ತದೆ, ಸರಿದೂಗಿಸಲು ಯಾವ ಬುಷ್ ಅಥವಾ ಬೆಣೆ ಬೇಕು, ಪ್ರತಿ ಬೋಲ್ಟಿನ ಬಿಗಿ ಎಷ್ಟು, ಐನೂರು ಕಿ.ಮೀ. ಓಡಿದ ಮೇಲೆ ಯಾವುದನ್ನು ಮರುಪರೀಕ್ಷಿಸಬೇಕು ಎಂಬ ವಿವರ ಅದರಲ್ಲಿ ಇರಲಿ. ವರ್ತಕರೂ ಕಿಟ್ ಕೊಡುವ ಮೊದಲೇ ವಾಹನವನ್ನು ಒಮ್ಮೆ ಓಡಿಸಿ ನೋಡಿ, ಆಗಲೇ ಇರುವ ನಡುಕವನ್ನೂ ಜೋಡಣೆಗಳ ಸವೆತವನ್ನೂ ಬಿಲ್ಲಿನ ಹಿಂಬದಿಯಲ್ಲಿ ಬರೆದು ಗ್ರಾಹಕನ ಸಹಿ ಪಡೆದಿಟ್ಟುಕೊಳ್ಳಬಹುದು.